ಗೋಲಲ್ಲಿ ನಿಲ್ಲೋ ನಮ್ಮ ಪುಟ್ಟಿಗೆ

ರಾಬರ್ಟ್‌ಸನ್‌ಪೇಟೆ, ಕೆಜಿಎಫ್
3-8-2025, ಭಾನುವಾರ

ಪುಟ್ಟಿ,

ನಿಮ್ಮತ್ತೆ ಮಾಡೋ ಆಶೀರ್ವಾದಗಳು. ಫೋನಲ್ಲಿ ಹೇಳಣ ಅಂದ್ರೆ ನೀನು ಹೂಂ ಹೂಂ ಅಂದ್ಕೊಂಡು ಅತ್ಲಾಗೆ ಇನ್‌ಸ್ಟಾಗ್ರಾಂ ನೋಡ್ತಿರ್ತೀಯ, ಅದಕ್ಕೇ ಕೂತು ಇಷ್ಟುದ್ದ ಟೈಪ್ ಮಾಡಿದೀನಿ, ಕನ್ನಡಕ ಬೇರೆ ಒಂದು ಕಾಲು ಮುರಿದೈತೆ, ಅಕ್ಷರ ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊ. ವಾಟ್ಸಾಪಲ್ಲಿ ಬಂದಿದ್ದು ಅಂತ ಅರ್ಧಕ್ಕೇ ಬಿಡ್ಬೇಡ, ಪೂರ್ತಿ ಓದು.

ಮೊನ್ನೆ ನಿಮ್ಮಪ್ಪ ಬಂದಿದ್ದ. ಟೊಮೇಟೊ ರೇಟು, ಮಂಡಿ ಕಮಿಷನ್ನು ಎಲ್ಲಾ ಮಾತಾಡಿ ಆದ್ಮೇಲೆ, ಎದ್ದು ಚಪ್ಪಲಿ ಹಾಕ್ಕೊಳ್ಳೋವಾಗ ಮೆಲ್ಲಗೆ ಬಾಯಿ ಬಿಟ್ಟ, "ಅಕ್ಕ, ಇವಳು ಒಂದಿನ ಆ ದೊಡ್ಡ ಅಕಾಡೆಮಿಗೆ ಸೇರ್ತೀನಿ ಅಂತಾಳೆ, ಇನ್ನೊಂದಿನ ಫುಟ್ಬಾಲೇ ಬೇಡ ಅಂತಾಳೆ, ನೀನೇ ಏನಾದ್ರೂ ಹೇಳು" ಅಂತ. ಎರಡನೇ ಮಾತು ಎಲ್ಲಿಂದ ಬಂತು ಅಂತ ನಂಗೆ ಗೊತ್ತು ಕಣೆ. ಆ ಏಳು ಗೋಲಿಂದ.

ಅವತ್ತು ಮ್ಯಾಚ್ ಮುಗಿಸ್ಕೊಂಡು ನೀನು ಸೀದಾ ನಮ್ಮನೆಗೆ ಬಂದೆ, ಊಟ ಬೇಡ ಅಂದೆ, ಗ್ಲೌಸ್ ತಗೊಂಡೋಗಿ ಹಿತ್ತಲಲ್ಲಿ ಸೌದೆ ಮೇಲೆ ಎಸೆದೆ. ನೀನು ಹೋದ್ಮೇಲೆ ಅದನ್ನ ಬಕೆಟ್ಟಲ್ಲಿ ನೆನೆಹಾಕಿದೆ, ಮೂರು ಸಲ ನೀರು ಬದಲಾಯಿಸಿದ್ರೂ ಕೆಂಪಗೇ ಬರ್ತಿತ್ತು, ಬಲಗೈದು ಕಿರುಬೆರಳ ಹತ್ರ ಫೋಮ್ ಎಲ್ಲಾ ಕಿತ್ಕೊಂಡು ಒಳಗಿನ ಬಟ್ಟೆ ಕಾಣ್ತಾ ಇತ್ತು. ಎಡಗೈದು ಚೆನ್ನಾಗೇ ಇತ್ತು. ಆಗ್ಲೇ ಹೊಳೀತು, ನೀನು ಬಲಗಡೆಗೇ ಜಾಸ್ತಿ ಬೀಳ್ತೀಯ, ಎಡಗಡೆಗೆ ಬೀಳೋಕೆ ಹೆದರ್ತೀಯ ಅಂತ. ಅವತ್ತಿನ ಏಳರಲ್ಲಿ ನಾಕು ಎಡಗಡೆನೇ ಹೋಗಿದ್ದು, ನಾನು ಬೇವಿನ ಮರದ ಕೆಳಗೆ ಕೂತು ಬೆರಳು ಮಡಚಿ ಎಣಿಸಿದೀನಿ. ಕೋಚ್ ಸರ್ ಇದನ್ನ ಹೇಳಿರ್ಬೋದು, ಇಲ್ಲಾಂದ್ರೆ ನಾನು ಹೇಳ್ತಾ ಇದೀನಿ, ಸರಿ ಮಾಡ್ಕೊ.

ಏಳು ಗೋಲ್ ಬಿಟ್ಟಿದ್ದಕ್ಕೆ ಆಟ ಬಿಡ್ತೀನಿ ಅನ್ನೋಳಿಗೆ ಒಂದು ಲೆಕ್ಕ ಕೊಡ್ತೀನಿ ತಗೊ. 1998 ಡಿಸೆಂಬರ್, ಬ್ಯಾಂಕಾಕಲ್ಲಿ ಏಷ್ಯನ್ ಗೇಮ್ಸು. ನಮ್ಮ ಇಂಡಿಯಾ ಹೆಣ್ಮಕ್ಕಳ ಟೀಮು ಚೀನಾ ಮೇಲೆ ಆಡಿ 16-0ರಲ್ಲಿ ಸೋತ್ರು. ಹದಿನಾರು! ಇವತ್ತಿಗೂ ಅದೇ ನಮ್ಮ ಅತಿ ದೊಡ್ಡ ಸೋಲು. ಅದೇ ಇಂಡಿಯಾ ಹನ್ನೆರಡು ವರ್ಷ ಬಿಟ್ಟು 2010 ಡಿಸೆಂಬರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರಲ್ಲಿ ಭೂತಾನಿಗೆ 18 ಗೋಲ್ ಹೊಡೀತು, ಅದು ನಮ್ಮ ಅತಿ ದೊಡ್ಡ ಗೆಲುವು. ಈಗ ಆ 18ನ್ನ ಹಿಡ್ಕೊಂಡು ಕುಣಿಯೋದಾ, 16ನ್ನ ಹಿಡ್ಕೊಂಡು ಅಳೋದಾ. ನನ್ನ ಕೇಳಿದ್ರೆ ಎರಡೂ ಬೇಡ. ಎರಡೂ ಒಂದೊಂದು ದಿನದ ಲೆಕ್ಕ ಅಷ್ಟೇ, ಮಂಡೀಲಿ ಒಂದಿನದ ಬಾಕ್ಸ್ ರೇಟ್ ಇದ್ದಂಗೆ. ಒಂದಿನ ರೇಟ್ ಬಿತ್ತು ಅಂತ ನಿಮ್ಮಪ್ಪ ಗಿಡ ಕಿತ್ತಾಕ್ತಾನಾ, ಬೈಕೊಂಡು ಬೈಕೊಂಡು ಮಾರನೇ ದಿನ ನೀರು ಬಿಡ್ತಾನೆ.

ನಿಜವಾಗ್ಲೂ ನಮ್ಮ ಟೀಮ್ ಕೆಟ್ಟಿದ್ದು ಎಲ್ಲಿ ಗೊತ್ತಾ? ಸೋತಾಗ ಅಲ್ಲ. ಆಡದೇ ಕೂತಾಗ.

ಇದು ನಂಗೂ ತಡವಾಗೇ ಗೊತ್ತಾಗಿದ್ದು. ನಾನು ಹುಟ್ಟಿದ್ದು 64ರಲ್ಲಿ. ನಮ್ಮಪ್ಪ, ಅಂದ್ರೆ ನಿಮ್ ತಾತ, ಮೈನ್ಸಲ್ಲಿ ಅಂಡರ್‌ಗ್ರೌಂಡ್ ಕೆಲಸ. ಶಿಫ್ಟ್ ಇಲ್ಲದ ದಿನ ಸೈಕಲ್ ಮುಂದಿನ ಬಾರ್ ಮೇಲೆ ಟವೆಲ್ ಸುತ್ತಿ ನನ್ನ ಕೂರಿಸ್ಕೊಂಡು ಜಿಮ್ಖಾನಾ ಗ್ರೌಂಡಿಗೆ ಕರ್ಕೊಂಡೋಗೋದು, ಫುಟ್ಬಾಲ್ ನೋಡೋಕೆ. ಕೆಜಿಎಫಲ್ಲಿ ಆಗ ಫುಟ್ಬಾಲ್ ಅಂದ್ರೆ ಊರ ಹಬ್ಬ, ಗಾಳಿ ಎದ್ರೆ ಸೈನೈಡ್ ದಿಬ್ಬದ, ಅಂದ್ರೆ ಚಿನ್ನ ತೆಗೆದು ಗುಡ್ಡೆ ಹಾಕಿದ ಮಣ್ಣಿನ ಧೂಳು ಬಂದು ಕಣ್ಣಿಗೆ ಹೊಡೆದ್ರೂ ಜನ ಕದಲ್ತಾ ಇರ್ಲಿಲ್ಲ. ಮನೆಗೆ ಬಂದು ನಾನೂ ನಿಮ್ಮಪ್ಪನೂ ಲೈನ್ ಮನೆ ಸಂದೀಲಿ ಬಟ್ಟೆ ಚೆಂಡು ಒದೀತಾ ಇದ್ವಿ, ಅವನಿಗಿಂತ ನಾನೇ ಚೆನ್ನಾಗಿ ಒದೀತಿದ್ದೆ, ಬೇಕಾದ್ರೆ ಕೇಳು, ಒಪ್ಕೊಳ್ಳಲ್ಲ. ಸ್ಕೂಲಲ್ಲಿ ಮಾತ್ರ ಹುಡುಗರಿಗೆ ಫುಟ್ಬಾಲು, ನಮ್ಗೆ ಥ್ರೋಬಾಲು, ಟೆನ್ನಿಕಾಯ್ಟು. ಪಿಟಿ ಮೇಷ್ಟ್ರನ್ನ ಒಂದ್ಸಲ ಕೇಳಿದ್ದಕ್ಕೆ ಪಂಪ್ ಕೈಗೆ ಕೊಟ್ಟು ಚೆಂಡಿಗೆ ಗಾಳಿ ಹೊಡಿ ಅಂದ್ರು. ಎರಡು ವರ್ಷ ಗಾಳಿನೇ ಹೊಡೆದೆ.

ನನಗೆ ಹದಿನಾರು ತುಂಬೋ ಅದೇ ವರ್ಷ, 1980 ಜನವರೀಲಿ, ಇಲ್ಲೇ ಪಕ್ಕದ ಕೇರಳದ ಕೋಝಿಕ್ಕೋಡಲ್ಲಿ ಏಷ್ಯಾ ಮಹಿಳಾ ಚಾಂಪಿಯನ್‌ಶಿಪ್ ನಡೀತು, ಇಂಡಿಯಾ ಹೆಣ್ಮಕ್ಕಳು ಫೈನಲ್ಲಿಗೆ ಹೋದ್ರು, ತೈವಾನ್ ಮೇಲೆ 2-0ರಲ್ಲಿ ಸೋತ್ರು. ಫೈನಲ್ ಕಣೆ! ನಾನಿಲ್ಲಿ ಪಂಪ್ ಹಿಡ್ಕೊಂಡು ನಿಂತಿದ್ದೆ. ನಮ್ಮ ಲೈನಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ಲ, ಫುಟ್ಬಾಲ್ ಹುಚ್ಚಿನ ಊರಲ್ಲಿ. 81ರಲ್ಲಿ ಹಾಂಗ್‌ಕಾಂಗಲ್ಲಿ ಮೂರನೇ ಸ್ಥಾನ, 83ರಲ್ಲಿ ಥಾಯ್ಲೆಂಡಲ್ಲಿ ಮತ್ತೆ ಫೈನಲ್, ಆ ಸಲ ಥಾಯ್ಲೆಂಡ್ ಮೇಲೇ ಸೋಲು. ಆ ವರ್ಷನೇ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು, ಫುಟ್ಬಾಲಲ್ಲಿ ಅದನ್ನ ತಗೊಂಡ ಮೊದಲ ಹೆಂಗಸು ಅವರೇ. ಆಗ ಚೀನಾ, ಉತ್ತರ ಕೊರಿಯಾ ಅಂಥ ಟೀಮುಗಳು ಇನ್ನೂ ಬಂದಿರ್ಲಿಲ್ಲ, ಅದನ್ನೂ ಹೇಳ್ಬೇಕು, ಸುಮ್ಮನೆ ನಾವೇ ಏಷ್ಯಾದ ರಾಣಿಯರು ಅಂತ ಬುರುಡೆ ಬಿಡ್ಬಾರ್ದು.

ಆಮೇಲೆ ಏನಾಯ್ತು ನೋಡು. 86, 89, 91, 93, ನಾಕು ಸಲ ಏಷ್ಯಾ ಚಾಂಪಿಯನ್‌ಶಿಪ್ ಆಯ್ತು, ನಮ್ಮ ಟೀಮ್ ಹೋಗಲೇ ಇಲ್ಲ. ಮತ್ತೆ ಕಾಲಿಟ್ಟಿದ್ದು 95ರಲ್ಲಿ. 86ರಲ್ಲಿ ಬಂದ ಚೀನಾ ಅಷ್ಟೊತ್ತಿಗೆ ಗೆದ್ದು ಗೆದ್ದು ಸಾಕಾಗಿ ಕೂತಿತ್ತು, 91ರಲ್ಲಿ ಮೊದಲನೇ ಮಹಿಳಾ ವರ್ಲ್ಡ್ ಕಪ್ಪೂ ಅವರ ದೇಶದಲ್ಲೇ ಆಗಿಹೋಗಿತ್ತು. ಎರಡು ಸಲ ಫೈನಲ್ ಆಡಿದೋರು ಮನೇಲಿ, ನಿನ್ನೆ ಮೊನ್ನೆ ಬಂದೋರು ಮೈದಾನದಲ್ಲಿ. ಆ 16 ಗೋಲು 98ರಲ್ಲಿ ಒಂದೇ ದಿನ ಬಿದ್ದಿದ್ದಲ್ಲ ಪುಟ್ಟಿ, ವರ್ಷಗಟ್ಟಲೆ ಆಡದೇ ಇದ್ವಲ್ಲ, ಆಗಿಂದ ಒಂದೊಂದಾಗಿ ಕೂಡ್ಕೊಂಡು ಬಂದಿದ್ದು. ಅಷ್ಟಾದ್ರೂ ಬುದ್ಧಿ ಬಂತಾ, 2009ರಲ್ಲಿ ಹದಿನೆಂಟು ತಿಂಗಳಿಗೂ ಮೇಲೆ ಒಂದು ಇಂಟರ್‌ನ್ಯಾಷನಲ್ ಮ್ಯಾಚೂ ಆಡಿಸ್ಲಿಲ್ಲ ಅಂತ ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ಹೆಸರು ತೆಗೆದ್ರು. ಕೊನೇ ಸ್ಥಾನನೂ ಇಲ್ಲ, ಪಟ್ಟೀಲೇ ಇಲ್ಲ. ಸೋತೋರಿಗೆ ಒಂದು ನಂಬರ್ರಾದ್ರೂ ಇರುತ್ತೆ.

2022ರದ್ದು ನೆನಪಿದ್ಯಾ, ನೀನಾಗ ಹೈಸ್ಕೂಲು. ಏಷ್ಯನ್ ಕಪ್ ನಮ್ಮ ದೇಶದಲ್ಲೇ, ನವಿ ಮುಂಬೈಲಿ. ಇರಾನ್ ಮೇಲೆ 0-0 ಆಯ್ತು, ಅಷ್ಟರಲ್ಲಿ ಕ್ಯಾಂಪಿಗೆಲ್ಲಾ ಕೊರೊನಾ ಹತ್ಕೊಂತು, ಚೈನೀಸ್ ತೈಪೆ, ಅದೇ ತೈವಾನ್, ಅವರ ಮೇಲೆ ಇಳಿಸೋಕೆ ಕಮ್ಮಿ ಅಂದ್ರೂ ಬೇಕಾದ ಹದಿಮೂರು ಜನ ಸಿಗ್ಲಿಲ್ಲ, ಟೂರ್ನಮೆಂಟಿಂದಲೇ ಆಚೆ. ಆಡಿದ ಆ ಒಂದು ಮ್ಯಾಚನ್ನೂ ಲೆಕ್ಕದಿಂದ ತೆಗೆದ್ರು. ಅದೊಂದು ಮಾತ್ರ ಯಾರ ಕೈಲೂ ಇಲ್ಲದ ಹಣೆಬರಹ. ಮಿಕ್ಕಿದ್ದೆಲ್ಲಾ ಆಡಿಸೋರು ಆಡಿಸ್ಲಿಲ್ಲ ಅಷ್ಟೇ.

ಸ್ಯಾಫ್ ಕಪ್, ಅದೇ ನಮ್ಮ ದಕ್ಷಿಣ ಏಷ್ಯಾ ದೇಶಗಳ ಕಪ್, ಅದರ ವಿಷಯಕ್ಕೆ ಬಾ. 2010ರಿಂದ 2019ರವರೆಗೂ ಐದಕ್ಕೆ ಐದೂ ನಮ್ಮದೇ. ಟಿವಿಯವರು ಬೀಗಿದ್ದೇ ಬೀಗಿದ್ದು. 2022ರಲ್ಲಿ ಬಾಂಗ್ಲಾ ಹುಡುಗೀರು ಬಂದು 3-0 ಕೊಟ್ರು, ಸೆಮಿಫೈನಲ್ಲಲ್ಲಿ ನೇಪಾಳ 1-0, 2024ರಲ್ಲಿ ಮತ್ತೆ ಸೆಮಿಫೈನಲ್ಲಲ್ಲೇ ನೇಪಾಳದೋರ ಕೈಲಿ ಪೆನಾಲ್ಟಿಲಿ ಸೋಲು. ಎರಡು ಸಲನೂ ಕಪ್ ಬಾಂಗ್ಲಾಗೆ. ಪಕ್ಕದ್ಮನೆ ಹುಡುಗೀರು ಬೆಳೆಯಲ್ಲ ಅಂದ್ಕೊಂಡಿದ್ವಿ. ಇದಕ್ಕಿಂತ 2021ರಲ್ಲಿ ಮನೌಸಲ್ಲಿ ಬ್ರೆಜಿಲ್ ಮೇಲೆ 6-1ರಲ್ಲಿ ಸೋತಿದ್ದೇ ನಂಗೆ ಇಷ್ಟ, ಪಂಜಾಬಿನ ಮನೀಷಾ ಕಲ್ಯಾಣ್ ಎಂಟನೇ ನಿಮಿಷಕ್ಕೆ ಬ್ರೆಜಿಲ್‌ಗೆ ಗೋಲ್ ಹೊಡೆದು 1-1 ಮಾಡಿದ್ಲಲ್ಲ ಆ ಮ್ಯಾಚು. ಆರು ತಿಂದ್ರು, ತಿನ್ಲಿ. ಮಾರನೇ ವರ್ಷ ಅವಳು ಸೈಪ್ರಸ್ ಕ್ಲಬ್ಬಿಗೆ ಹೋಗಿ ಯೂರೋಪಿನ ಚಾಂಪಿಯನ್ಸ್ ಲೀಗ್ ಆಡಿದ್ಲು.

ಹೋದ ತಿಂಗಳು 5ನೇ ತಾರೀಖಿನ ಥಾಯ್ಲೆಂಡ್ ಮ್ಯಾಚು ನಿಂಗೇ ಗೊತ್ತಲ್ಲ. ನಾನು ಮುದ್ದೆ ತೊಳಸ್ತಾ ಇದ್ದೆ, ನೀನು ಸ್ಕೋರ್ ಕಳಿಸ್ತಾ ಇದ್ದೆ. "ಅತ್ತೇ ಸಂಗೀತಾ!!" ಅಂತ ಬಂತು, ಆಮೇಲೆ "1-1 ಅತ್ತೆ" ಅಂತ ಅಳೋ ಮುಖ, ಆಮೇಲೆ ಬರೀ "74" ಅಂತ ಒಂದು ನಂಬರ್ರು, ನಾನು ಏನಿದು ಎಪ್ಪತ್ನಾಕು ಅಂತ ಕೋಲು ಹಿಡ್ಕೊಂಡೇ ನಿಂತೆ, ಮುದ್ದೆ ಗಂಟಾಯ್ತು, ನಿಮ್ಮ ಮಾವ ಆ ಗಂಟು ಮುದ್ದೆನೇ ತಿಂದ್ರು ಪಾಪ. ಬಂಗಾಳದ ಕಲ್ಯಾಣಿಯ ಸಂಗೀತಾ ಬಾಸ್ಫೋರ್ ಎರಡೂ ಗೋಲು, ಎರಡನೇದು ಆ 74ನೇ ನಿಮಿಷಕ್ಕೆ, ಥಾಯ್ಲೆಂಡ್ ಊರಿಗೇ ಹೋಗಿ ಚಿಯಾಂಗ್ ಮಾಯಲ್ಲಿ 2-1. ನಮಗಿಂತ ರ‍್ಯಾಂಕಿಂಗಲ್ಲಿ ಎಷ್ಟೋ ಮೇಲಿದ್ದೋರು. 83ರ ಫೈನಲಲ್ಲಿ ನಮ್ಮನ್ನ ಸೋಲಿಸಿದ್ದ ಅದೇ ದೇಶ. ಕ್ವಾಲಿಫೈಯರ್ ಆಡಿ ಗೆದ್ದು ಏಷ್ಯನ್ ಕಪ್ಪಿಗೆ ಹೋಗಿದ್ದು ನಮ್ಮೋರು ಇದೇ ಮೊದಲು. ನಾಕು ಮ್ಯಾಚು, ಮಂಗೋಲಿಯಾಗೆ 13, ತಿಮೋರ್‌ಗೆ 4, ಇರಾಕ್‌ಗೆ 5, ಇವರಿಗೆ 2, ಒಟ್ಟು 24 ಹೊಡೆದು ಬಿಟ್ಟಿದ್ದು ಒಂದೇ ಒಂದು. ಆ ಒಂದನ್ನ ನೋಡು ನೀನು, ಗೋಲಲ್ಲಿ ನಿಲ್ಲೋಳು ತಾನೇ. ಬರೋ ಮಾರ್ಚಿಗೆ ಆಸ್ಟ್ರೇಲಿಯಾದಲ್ಲಿ ಜಪಾನ್, ವಿಯೆಟ್ನಾಂ, ಚೈನೀಸ್ ತೈಪೆ ಜೊತೆ ಬಿದ್ದಿದಾರೆ, ಜಪಾನ್ ಮೇಲೆ ಎಷ್ಟು ಹೋಗುತ್ತೋ ದೇವರೇ ಬಲ್ಲ, ಹೋದ್ರೂ ನಾನು ಬೇಜಾರು ಮಾಡ್ಕೊಳ್ಳಲ್ಲ, ಆಡ್ತಾ ಇದಾರಲ್ಲ ಸಾಕು. 2017ರಿಂದ ಹೆಂಗಸರಿಗೆ ಅಂತ ಲೀಗ್ ನಡೀತಾ ಐತೆ, ಇವರೆಲ್ಲಾ ಅದರಲ್ಲಿ ಕಾಲು ಸವೆಸಿದೋರು. ಸುಮ್ನೆ ಕ್ಯಾಂಪಲ್ಲಿ ಕೂತಿದ್ರೆ ಆಗ್ತಿತ್ತಾ?

ಈಗ ನಿನ್ನ ವಿಷಯ. ಆ ಬೆಂಗಳೂರು ಅಕಾಡೆಮಿ. ಹಾಸ್ಟೆಲ್ಲು, ಹಸಿರು ಟರ್ಫು, ಜಿಮ್ಮು, ತಿಂಗಳಿಗೆ ಹದಿನೆಂಟು ಸಾವಿರ. ಫೋಟೋ ನೋಡಿದೆ, ಚೆನ್ನಾಗೈತೆ, ನಮ್ಮ ಕಾಲದಲ್ಲಿ ಮೈನ್ಸ್ ದೊರೆಗಳ ಬಂಗಲೆ ಮುಂದೆ ಮಾತ್ರ ಅಂಥ ಹುಲ್ಲು ಇರ್ತಿತ್ತು. ಆದ್ರೆ ಅಲ್ಲಿ ಆಗ್ಲೇ ಇಬ್ಬರು ಕೀಪರ್ ಇದಾರೆ ಅಂತ ನೀನೇ ಹೇಳ್ದೆ. ನೀನು ಮೂರನೆಯೋಳು. ಫಾರ್ವರ್ಡ್ ಆದ್ರೆ ಕೊನೇ ಹತ್ತು ನಿಮಿಷಕ್ಕಾದ್ರೂ ಇಳಿಸ್ತಾರೆ, ಕೀಪರ್ ವಿಷಯ ಹಂಗಲ್ಲ, ಮೊದಲನೆಯೋಳ ಕೈ ಮುರೀಬೇಕು, ಎರಡನೆಯೋಳಿಗೆ ಜ್ವರ ಬರ್ಬೇಕು, ಆಮೇಲೆ ನಿನ್ನ ಸರದಿ. ಇನ್ನೊಬ್ಬರ ಕೈ ಮುರೀಲಿ ಅಂತ ಕಾಯೋ ಬಾಳು ಬೇಡ ಕಣೆ. ಒಂದು ವರ್ಷ ಜಾಕೆಟ್ ಹಾಕ್ಕೊಂಡು ಬೆಂಚ್ ಮೇಲೆ ಕೂತು ನೀರಿನ ಬಾಟ್ಲಿ ಕಾಯ್ತೀಯ, ನನ್ನ ಪಂಪಿನ ಕತೇನೇ ನಿಂದೂ ಆಗುತ್ತೆ, ಹುಲ್ಲು ಹಸಿರಾಗಿರುತ್ತೆ ಅಷ್ಟೇ ವ್ಯತ್ಯಾಸ.

ಸ್ಟೇಟ್ ಲೀಗ್ ಆಡೋ ಆ ಚಿಕ್ಕ ಟೀಮಿಗೆ ಸೇರು. ಅವರಿಗೆ ಕೀಪರೇ ಇಲ್ಲ, ಜರ್ಸಿ ನೀವೇ ಒಗ್ಕೋಬೇಕು, ಮಣ್ಣಿನ ಗ್ರೌಂಡು, ಶನಿವಾರ ಭಾನುವಾರ ಟ್ರೈನಲ್ಲಿ ಹೋಗಿ ಬರ್ಬೇಕು. ಸೋಲ್ತಾರೆ, ಡಿಫೆನ್ಸ್ ಜಾಳು ಬಟ್ಟೆ ಥರ ಐತೆ, ಮೊದಲನೇ ಸೀಸನ್ ನಿಂಗೆ ಗೋಲುಗಳು ಹೋಗ್ತವೆ, ಹೋಗ್ಲಿ. ವಾರಕ್ಕೊಂದು ಮ್ಯಾಚು, ತೊಂಬತ್ತು ನಿಮಿಷ, ನಿನ್ನ ಕಡೆಗೇ ಬರೋ ಚೆಂಡುಗಳು. ಕಾರ್ನರ್ರಿಗೆ ಯಾವಾಗ ಮುಂದೆ ಬರ್ಬೇಕು ಯಾವಾಗ ಗೆರೆ ಮೇಲೇ ನಿಲ್ಬೇಕು ಅನ್ನೋದು ಜಿಮ್ಮಲ್ಲಿ ಗೊತ್ತಾಗಲ್ಲ. ಎರಡು ವರ್ಷ ಆದ್ಮೇಲೂ ಆ ಅಕಾಡೆಮಿ ಅಲ್ಲೇ ಇರುತ್ತೆ, ಎಲ್ಲಿಗೂ ಓಡೋಗಲ್ಲ, ಆಗ ಅವರೇ ಕರೀತಾರೋ ಏನೋ.

ಇನ್ನೊಂದು, ಓದು ಬಿಡ್ಬೇಡ. ಇದನ್ನ ನಿಮ್ಮಮ್ಮನ ಪರವಾಗಿ ಹೇಳ್ತಿಲ್ಲ. ನಿನ್ನಂಗೇ ಗೋಲಲ್ಲಿ ನಿಂತ ಅದಿತಿ ಚೌಹಾಣ್ ಹೋದ ತಿಂಗಳು ಆಟಕ್ಕೆ ವಿದಾಯ ಹೇಳಿದ್ಲಲ್ಲ, ಅವಳು ಇಂಗ್ಲೆಂಡಿಗೆ ಹೋಗಿದ್ದು ಓದೋಕೆ, ಅಲ್ಲಿದ್ದಾಗಲೇ ವೆಸ್ಟ್ ಹ್ಯಾಮ್ ಹೆಂಗಸರ ಟೀಮಿಗೆ ಆಡಿದ್ಲು. ಮಣಿಪುರದ ಬೆಂಬೆಂ ದೇವಿ ಹದಿನೈದನೇ ವಯಸ್ಸಿಗೇ ಇಂಡಿಯಾ ಟೀಮ್ ಸೇರಿ ಇಪ್ಪತ್ತು ವರ್ಷದ ಮೇಲೆ ಆಡಿದ್ರು, ಪದ್ಮಶ್ರೀ ಬಂದಿದ್ದು 2020ರಲ್ಲಿ, ಅಲ್ಲಿವರೆಗೂ ಅನ್ನಕ್ಕೆ ಆಧಾರ ಆಗಿದ್ದು ಮಣಿಪುರ ಪೊಲೀಸ್ ಕೆಲಸ. ರೈಲ್ವೆ, ಪೊಲೀಸು, ಗಡಿ ಕಾಯೋ ಎಸ್‌ಎಸ್‌ಬಿ ಎಲ್ಲಾ ಕಡೆ ಸ್ಪೋರ್ಟ್ಸ್ ಕೋಟಾ ಐತೆ, ಡಿಗ್ರಿ ಇದ್ರೆ ಇನ್ನೂ ಒಳ್ಳೇದು. ಬಿಕಾಂ ಮುಗಿಸು. ಇಂಟರ್ನಲ್ಸ್ ತಪ್ಪಿಸ್ಕೊಂಡ್ರೆ ನಾನೇ ನಿಮ್ಮಮ್ಮನ ಕಡೆ ಸೇರ್ಕೊತೀನಿ ನೋಡು.

ಹಂಗೇ, ಗೋಲ್ ಹೋದಾಗ ಡಿಫೆಂಡರ್ ಹುಡುಗೀರ ಕಡೆ ತಿರುಗಿ ಕೈ ಎತ್ತಿ ಬಯ್ತೀಯಲ್ಲ, ಅದು ಬಿಡು. ಮರದ ಕೆಳಗೆ ಕೂತಿರೋ ನಂಗೇ ನಾಚಿಕೆ ಆಗುತ್ತೆ.

ಟ್ರೈನ್ ಪಾಸಿಗೆ ನಾನು ಕೊಡ್ತೀನಿ, ಚೀಟಿ ದುಡ್ಡು ಬರೋದೈತೆ, ನಿಮ್ಮಪ್ಪನಿಗೆ ಹೇಳ್ಬೇಡ, ಹೇಳಿದ್ರೆ ಟೊಮೇಟೊ ಸಸಿಗೆ ಕೇಳ್ತಾನೆ. ಗ್ಲೌಸ್ ಒಣಗಿದಾವೆ, ಬಲಗೈದಕ್ಕೆ ಚಪ್ಪಲಿ ಹೊಲಿಯೋರ ಹತ್ರ ಒಂದು ತುಂಡು ರಬ್ಬರ್ ಹಾಕಿಸಿದೀನಿ, ನೋಡೋಕೆ ಅಸಹ್ಯವಾಗೈತೆ, ಹಿಡಿಯುತ್ತೆ. ಬುಧವಾರ ಬಂದು ತಗೊಂಡೋಗು. ಬರೋವಾಗ ಬಂಗಾರಪೇಟೆಯಿಂದ ಎರಡು ಪ್ಲೇಟ್ ಪಾನಿಪುರಿ ಕಟ್ಟಿಸ್ಕೊಂಡು ಬಾ, ನೀರು ಬೇರೆ ಕವರಲ್ಲಿ ಹಾಕ್ಸು, ಹೋದ್ಸಲ ಎಲ್ಲಾ ನೆಂದೋಗಿತ್ತು.

ಇಂತಿ,
ನಿಮ್ಮತ್ತೆ