ತರಬೇತಿ ಪಿಸ್ತೂಲು: ಗುಂಡು ಹಾರಿಸಿ ನೋಡಿಯೇ ಕೊಳ್ಳಿ

ಮಾನ್ಯರೇ,

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಶೂಟಿಂಗ್ ಕಲಿಯುವವರಿಗಾಗಿ ಕಡಿಮೆ ಬೆಲೆಯ ಪಾಯಿಂಟ್ 22 (ಸುಮಾರು 0.22 ಇಂಚು ಅಗಲದ ಗುಂಡಿನ) ಪಿಸ್ತೂಲು ಕೊಳ್ಳುವವರು ಹೊಳಪು ನೋಡಿ ಸಹಿ ಹಾಕಬಾರದು. ಹಾಗೆಂದು ಸ್ಲೈಡ್ (ಗುಂಡು ಹಾರಿದಾಗ ಹಿಂದೆ ಸರಿಯುವ ಮೇಲ್ಭಾಗ) ಸತುವಿನ ಮಿಶ್ರಲೋಹದ್ದು ಎಂಬ ಒಂದೇ ಕಾರಣಕ್ಕೆ ಬದಿಗಿಡುವುದೂ ಬೇಡ. ಈ ಕಾಡತೂಸಿನ ಒತ್ತಡ ಕಡಿಮೆ. ಬ್ಯಾರಲ್ ಉಕ್ಕಿನದಿರಬೇಕು, ಖಾಲಿ ಕೇಸ್ ಹೊರಬೀಳುವ ಕಿಂಡಿಯ ಮೂಲೆಗಳಲ್ಲಿ ಬಿರುಕಿರಬಾರದು.

25 ಮೀಟರ್ ಸ್ಪರ್ಧೆಗೆ ಟ್ರಿಗರ್ ಕನಿಷ್ಠ 1000 ಗ್ರಾಂ ತಾಳಬೇಕು. ಪಿಸ್ತೂಲು ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಬ್ಯಾರಲ್ ಮೇಲಕ್ಕೆ ಮಾಡಿ, ಒಂದು ಕಿಲೋ ತೂಕವನ್ನು ಟ್ರಿಗರಿಗೆ ಸಿಕ್ಕಿಸಿ ನಿಧಾನ ಎತ್ತಿ ನೋಡಿ. ಟ್ರಿಗರ್ ತುಸು ಬಿಗಿ ಇದ್ದರೆ ಪರವಾಗಿಲ್ಲ, ಗರಗರ ಎನ್ನುವುದು ಬೇಡ. ಅಂಗಡಿಯಲ್ಲಿ ಖಾಲಿ ಪಿಸ್ತೂಲನ್ನು ಟಕಟಕ ಒತ್ತಿ ತೋರಿಸುವ ಚಟವನ್ನಂತೂ ತಡೆಯಿರಿ. ಹಲವು ಮಾದರಿಗಳಲ್ಲಿ ಫೈರಿಂಗ್ ಪಿನ್ (ಕಾಡತೂಸಿಗೆ ಬಡಿಯುವ ಕಡ್ಡಿ) ನೇರ ಚೇಂಬರಿನ, ಅಂದರೆ ಕಾಡತೂಸು ಕೂರುವ ಗೂಡಿನ, ಅಂಚಿಗೆ ಬಡಿದು ಅಲ್ಲಿ ತಗ್ಗು ಬೀಳುತ್ತದೆ. ಆಮೇಲೆ ಕಾಡತೂಸು ಸರಿಯಾಗಿ ಕೂರುವುದಿಲ್ಲ.

ಗುಂಡು ಹಾರದಿದ್ದರೆ ಕೂಡಲೇ ಪಿಸ್ತೂಲನ್ನು ದೂಷಿಸಬೇಡಿ. ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾದು, ಕಾಡತೂಸು ಹೊರತೆಗೆದು ಅದರ ಅಂಚನ್ನು ನೋಡಿ. ಪಿನ್ನಿನ ಗುರುತು ತೆಳುವಾಗಿದ್ದರೆ ಸ್ಪ್ರಿಂಗ್ ಸಡಿಲ, ಇಲ್ಲವೇ ಪಿನ್ನಿನ ದಾರಿಯಲ್ಲಿ ಹೊಲಸು. ಆಳವಾಗಿದ್ದೂ ಹಾರದಿದ್ದರೆ ದೋಷ ಕಾಡತೂಸಿನದೇ ಇರಬಹುದು: ಅಂಚಿನ ಸುತ್ತ ತುಂಬಿದ ಮದ್ದು ಆ ಜಾಗಕ್ಕೆ ತಲುಪಿರುವುದಿಲ್ಲ. ಕಾಡತೂಸು ಪದೇಪದೇ ಸಿಕ್ಕಿಕೊಂಡರೆ ಮ್ಯಾಗಜೀನುಗಳಿಗೆ (ಕಾಡತೂಸು ತುಂಬುವ ಡಬ್ಬಿಗಳಿಗೆ) ನಂಬರ್ ಹಾಕಿ. ಒಂದೇ ನಂಬರಿನದು ಕಾಡುತ್ತಿದ್ದರೆ ಅದರ ಮೇಲ್ತುಟಿ (ಕಾಡತೂಸನ್ನು ಹಿಡಿದಿಡುವ ಅಂಚು) ಬಾಗಿರಬಹುದು.

ಕೆಲವು ಅಗ್ಗದ ಪಿಸ್ತೂಲುಗಳ ಸ್ಲೈಡ್ ಪೂರ್ತಿ ಹಿಂದೆ ಸರಿಯಲು ಹೈ ವೆಲಾಸಿಟಿ ಕಾಡತೂಸೇ ಬೇಕು. ಸ್ಪರ್ಧೆಯ ಪಿಸ್ತೂಲಿಗೆ ಸಾಮಾನ್ಯ ವೇಗದ್ದು ಸಾಕು. ಹಾಗಾಗಿ ನಿಮ್ಮಲ್ಲಿ ನಿತ್ಯ ಸಿಗುವ ಕಾಡತೂಸಿನಿಂದಲೇ ಪರೀಕ್ಷೆ ನಡೆಯಲಿ. ಕೈಗೆ ಆಸರೆ ಕೊಟ್ಟು 25 ಮೀಟರಿನಿಂದ ಹೊಡೆದ ಹತ್ತು ಗುಂಡು ಗುರಿಫಲಕದ ಹತ್ತು ಅಂಕದ ವೃತ್ತದಷ್ಟು, ಅಂದರೆ 50 ಮಿಲಿಮೀಟರ್ ಅಗಲದೊಳಗೆ ಬಿದ್ದರೆ ಕಲಿಯುವವರಿಗೆ ಧಾರಾಳವಾಯಿತು. ಗುಂಡುಗಳ ಗುಂಪು ಬಿಗಿ ಇದ್ದು ಪಕ್ಕಕ್ಕೆ ಬಿದ್ದರೆ ಸೈಟ್ (ಗುರಿ ನೋಡುವ ಭಾಗ) ತಿರುಗಿಸಿದರಾಯಿತು.

ನಮ್ಮ ಬೇಸಿಗೆಯದು ಬೇರೆಯೇ ತಕರಾರು. ಸೀಸದ ಗುಂಡಿನ ಮೇಲಿನ ಮೇಣ ಬಿಸಿಲಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗಿ ಎರೆ ಮಣ್ಣಿನ ಧೂಳು ಹಿಡಿಯುತ್ತದೆ. ಮ್ಯಾಗಜೀನಿಗೆ ಎಣ್ಣೆ ಸುರಿದರಂತೂ ಒಳಗೆಲ್ಲ ರಾಡಿ. ಒಣ ಬಟ್ಟೆಯಿಂದ ಒರೆಸಿ, ಎಣ್ಣೆಯನ್ನು ಸ್ಲೈಡಿನ ಹಳಿಗೆ ಒಂದೆರಡು ಹನಿ ಮಾತ್ರ ಬಿಡಿ.

ಖರೀದಿ ಕರಾರಿನಲ್ಲಿ ಹೆಚ್ಚುವರಿ ಮ್ಯಾಗಜೀನ್, ಫೈರಿಂಗ್ ಪಿನ್, ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನು ಮರಳಿ ಮುಂದೆ ತಳ್ಳುವುದು) ಸೇರಿಸಿ. ಬಿಡಿಭಾಗ ಸಿಗದ ಪಿಸ್ತೂಲು ಎಷ್ಟೇ ಅಗ್ಗವಾದರೂ ಬೇಡ.

– ಶೂಟಿಂಗ್ ತರಬೇತುದಾರರು, ಕಲಬುರಗಿ