ಆಗಲ್ಲ ಅನ್ನುವುದನ್ನಾದರೂ ಬರೆದು ಕೊಡಿ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವಳು. ಈ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ಶಿವಮೊಗ್ಗದಲ್ಲಿ ಬಾಡಿಗೆ ಮನೆ ಮಾಡಿದೆವು. ಮಗಳ ಪಿಯುಸಿ, ಅತ್ತೆಯ ಉಬ್ಬಸದ ಔಷಧಿ, ಎರಡಕ್ಕೂ ಇದೇ ಊರು ಬೇಕಿತ್ತು. ಯಜಮಾನರು ಅಲ್ಲೇ ಇದ್ದಾರೆ. ಎಲೆಚುಕ್ಕಿ ರೋಗ ಬಿದ್ದ ಅಡಿಕೆ ತೋಟವನ್ನು ಬಿಟ್ಟು ಬರುವ ಹಾಗಿಲ್ಲ. ನಮ್ಮಂಥ ಅರ್ಧರ್ಧ ಸಂಸಾರಗಳು ನಿಮ್ಮ ಊರಿನ ತುಂಬ ಇವೆ. ವಿನೋಬನಗರವಿರಲಿ, ಗೋಪಾಳವಿರಲಿ, ಯಾವ ಕ್ರಾಸಿಗೆ ಹೋದರೂ ತಾಯಿ ಮಕ್ಕಳು ಇಲ್ಲಿ, ಅಪ್ಪ ತೋಟದಲ್ಲಿ. ಶನಿವಾರ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕಿ ಚೀಲ, ತೆಂಗಿನಕಾಯಿ, ಬಾಳೆಗೊನೆ ಇಳಿಸಿಕೊಳ್ಳುತ್ತಾರಲ್ಲ, ಅವರೇ ನಾವು. ಊರಿನ ಅರ್ಧ ಬಾಡಿಗೆ ಮನೆಗಳು ನಮ್ಮಿಂದಲೇ ತುಂಬಿರುವುದು ಅಂತ ನನಗೆ ಅನುಮಾನ.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಬೇರೆ ಯಾರಿಗೆ ಬರೆಯುವುದು? ಮಹಾನಗರ ಪಾಲಿಕೆಗೆ 2018ರಲ್ಲಿ ಆಯ್ಕೆಯಾದವರ ಅವಧಿ 2023ರಲ್ಲೇ ಮುಗಿದಿದೆ. ಕಾರ್ಪೊರೇಟರ್ ಮನೆ ಯಾವುದು ಅಂತ ಕೇಳಿದರೆ ಜನ ಮಾಜಿಗಳ ಮನೆ ತೋರಿಸುತ್ತಾರೆ. ಮಾಜಿಗಳು ಪಾಪ, ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಾರೆ.

ವಿಷಯ ಕರೆಂಟಿನದು.

ನಮಗೆ ಸಿಕ್ಕಿದ್ದು ಹಳೆಯ ಮನೆಯೊಂದರ ಮಹಡಿ. ಅದಕ್ಕೆ ಬೇರೆಯೇ ಮೀಟರ್ ಇದೆ. ಹಿಂದೆ ಇದ್ದವರು ಬಿಲ್ ಉಳಿಸಿ ಹೋಗಿದ್ದರು, ಮನೆ ಬಹಳ ದಿನ ಖಾಲಿ ಬಿದ್ದಿತ್ತು, ಲೈನ್ ಕಟ್ ಮಾಡಿದ್ದರು. ಮಾಲೀಕರು ಬೆಂಗಳೂರಿನಲ್ಲಿದ್ದಾರೆ. "ಬಾಕಿ ನೀವೇ ಕಟ್ಟಿಬಿಡಿ, ಬಾಡಿಗೆಯಲ್ಲಿ ಮುರಿದುಕೊಳ್ಳಿ, ಎರಡು ದಿನದಲ್ಲಿ ಕರೆಂಟ್ ಬರುತ್ತೆ" ಅಂದರು. ಕಟ್ಟಿದೆ. ವಿದ್ಯುತ್ ಕಂಪನಿ ಮೆಸ್ಕಾಂ ಕಚೇರಿಯಲ್ಲಿ ದುಡ್ಡಿಗೆ ರಸೀದಿ ಆ ಕ್ಷಣವೇ ಬಂತು, ಅದರಲ್ಲಿ ಲೋಪವಿಲ್ಲ. ರಸೀದಿ ಹಿಡಿದುಕೊಂಡು ಲೈನ್ ಯಾವಾಗ ಕೊಡುತ್ತೀರಿ ಅಂತ ಪಕ್ಕದ ಟೇಬಲ್ಲಿಗೆ ಹೋದರೆ, ಆ ಮೀಟರಿನ ಆರ್.ಆರ್. ನಂಬರೇ, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆಯೇ ರದ್ದಾಗಿದೆ, ಹೊಸ ಕನೆಕ್ಷನ್ನಿಗೆ ಅರ್ಜಿ ಹಾಕಿ ಅಂದರು. ರದ್ದಾದ ನಂಬರಿನ ಬಾಕಿ ಮಾತ್ರ ರದ್ದಾಗಿರಲಿಲ್ಲ.

ಸರಿ, ಹೊಸ ಅರ್ಜಿ ಬರೆದೆ. ನನ್ನ ಆಧಾರ್, ಬಾಡಿಗೆ ಕರಾರು, ಬಾಕಿ ಕಟ್ಟಿದ ರಸೀದಿ, ಎಲ್ಲ ಪಿನ್ ಮಾಡಿ ಟೇಬಲ್ ಮೇಲೆ ಇಟ್ಟೆ. ಅಲ್ಲಿದ್ದವರು ಅದನ್ನು ತೆರೆದು ನೋಡಲಿಲ್ಲ. ಎಲೆಗೆ ಬಡಿಸಿದ್ದನ್ನು ಬೇಡ ಅನ್ನುವ ಹಾಗೆ ಅಂಗೈ ಅಡ್ಡ ಹಿಡಿದು ಹಿಂದಕ್ಕೆ ತಳ್ಳಿದರು.

"ಮೀಟರ್ ಯಾರ ಹೆಸರಲ್ಲಿತ್ತೋ ಅವರನ್ನ ಕರ್ಕೊಂಡ್ಬನ್ನಿ ಅಮ್ಮ."

"ಅವರು ಈಗಿನ ಮಾಲೀಕರ ತಂದೆ, ಸರ್. ತೀರಿಕೊಂಡು ಬಹಳ ವರ್ಷ ಆಯ್ತಂತೆ."

"ಹಂಗಾದ್ರೆ ಅವರ ಒಪ್ಪಿಗೆ ಪತ್ರ ತನ್ನಿ."

"ಸರ್, ತೀರಿಕೊಂಡಿದ್ದಾರೆ."

"ಅದನ್ನೇ ಹೇಳ್ತಿರೋದು. ಅವರ ಸಹಿ ಇಲ್ದೆ ನಾವು ಹೆಂಗೆ ಕೊಡಕ್ಕಾಗುತ್ತೆ?"

ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಹಿಂದೆ ಸಾಲಿನಲ್ಲಿ ನಿಂತಿದ್ದವರು ನಕ್ಕರು. ನನಗೂ ನಗು ಬರಬೇಕಿತ್ತು, ಬರಲಿಲ್ಲ. ಮುಂದಿನ ಸಲ ಬೇರೆಯವರು ಕೂತಿದ್ದರು, ಸ್ವಲ್ಪ ತಿಳಿವಳಿಕೆಯವರು. ಮರಣ ಪ್ರಮಾಣಪತ್ರ, ಮಾಲೀಕರ ಮನೆಯ ವಂಶವೃಕ್ಷ, ವಾರಸುದಾರರೆಲ್ಲರ ನಿರಾಕ್ಷೇಪಣಾ ಪತ್ರ ತಂದರೆ ನೋಡೋಣ ಅಂದರು. ವಾರಸುದಾರರು ಮೂವರು. ಒಬ್ಬರು ಬೆಂಗಳೂರು, ಒಬ್ಬರು ಅಮೆರಿಕ, ಇನ್ನೊಬ್ಬರು ಇವರಿಬ್ಬರ ಜೊತೆ ಮಾತು ಬಿಟ್ಟಿದ್ದಾರೆ. ಹನ್ನೊಂದು ತಿಂಗಳ ಕರಾರಿಗೆ ಬಂದವಳು ನಾನು. ಅಣ್ಣ ತಮ್ಮಂದಿರ ಪಂಚಾಯ್ತಿ ಮುಗಿಸಿ, ಯಾರದೋ ವಂಶವೃಕ್ಷ ಮಾಡಿಸಿ, ಆಮೇಲೆ ದೀಪ ಹಚ್ಚಬೇಕಂತೆ. ನಮ್ಮದೇ ವಂಶವೃಕ್ಷಕ್ಕೆ ನಾಡಕಚೇರಿಗೆ ಅಲೆದದ್ದು ಇನ್ನೂ ಮರೆತಿಲ್ಲ ಸ್ವಾಮಿ.

ಅದಾದ ಮೇಲೆ ಓಸಿಯ ಮಾತು ಬಂತು, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡುವ ಸ್ವಾಧೀನಾನುಭವ ಪತ್ರದ್ದು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ, ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡುವ ಹಾಗಿಲ್ಲ ಅಂದರು. ತೀರ್ಪು ಇರುವುದು ನಿಜ. ಆದರೆ ಈ ಮನೆಯಲ್ಲಿ ಇಷ್ಟು ವರ್ಷ ಕರೆಂಟ್ ಇತ್ತು, ಇದೇ ಕಚೇರಿ ತಿಂಗಳು ತಿಂಗಳು ಬಿಲ್ ವಸೂಲಿ ಮಾಡಿದೆ, ಕೆಳಗಿನ ಮನೆಯಲ್ಲಿ ಈಗಲೂ ಫ್ಯಾನ್ ತಿರುಗುತ್ತಿದೆ. ಒಂದೇ ಗೋಡೆ, ಒಂದೇ ಅಡಿಪಾಯ, ಕೆಳಗಡೆ ಸಕ್ರಮ, ಮೇಲ್ಗಡೆ ಅಕ್ರಮ! ಹಾಗೇ ಇರಲಿ, ಓಸಿ ಇಲ್ಲದ್ದಕ್ಕೆ ತಿರಸ್ಕರಿಸಿದ್ದೇವೆ ಅಂತ ಅರ್ಜಿಯ ಮೇಲೆ ಬರೆದು ಕೊಡಿ ಅಂದೆ. ಬರೆದು ಕೊಡುವುದಿಲ್ಲವಂತೆ. ಬರೆದು ಕೊಡುವ ಪದ್ಧತಿ ಇಲ್ಲವಂತೆ.

ಮಾನ್ಯರೇ, ಇಡೀ ಪತ್ರದಲ್ಲಿ ನನ್ನ ಬೇಡಿಕೆ ಇದೊಂದೇ. ಅರ್ಜಿ ತೆಗೆದುಕೊಳ್ಳಿ, ಸ್ವೀಕೃತಿ ಕೊಡಿ. ಆಗುವುದಿಲ್ಲ ಅಂದರೆ ಯಾವ ನಿಯಮದಂತೆ ಆಗುವುದಿಲ್ಲ ಅಂತ ಬರೆದು, ಸಹಿ ಹಾಕಿ, ಸೀಲ್ ಒತ್ತಿ ಕೊಡಿ.

ಕಾನೂನು ನಿಮಗೆ ಗೊತ್ತಿದೆ, ನಿಮಗೆ ನಾನು ಹೇಳಿಕೊಡುವುದು ಹೆಚ್ಚಾಯಿತು. ಆದರೂ ಆ ಟೇಬಲ್ಲಿನವರಿಗೆ ನೀವು ಹೇಳಬೇಕಾಗಬಹುದು ಅಂತ ಬರೆಯುತ್ತೇನೆ. 2003ರ ವಿದ್ಯುತ್ ಕಾಯ್ದೆಯ 43ನೇ ಕಲಮು ಕರೆಂಟ್ ಕೇಳುವ ಹಕ್ಕು ಮಾಲೀಕರಿಗಷ್ಟೇ ಅಲ್ಲ, ಮನೆಯಲ್ಲಿ ವಾಸ ಇರುವವರಿಗೂ ಇದೆ ಅನ್ನುತ್ತದೆ. ಹೊತ್ತಿಗೆ ಕೊಡದಿದ್ದರೆ ದಿನಕ್ಕೆ 1,000 ರೂಪಾಯಿವರೆಗೆ ದಂಡ ಅಂತಲೂ ಅಲ್ಲೇ ಇದೆ. ಕೇಂದ್ರದ 2020ರ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಹೊಸ ಸಂಪರ್ಕವನ್ನು ಇಷ್ಟು ದಿನದೊಳಗೆ ಕೊಡಬೇಕು ಅಂತ ಇದೆ. ಅದನ್ನೇ 2024ರಲ್ಲಿ ತಿದ್ದಿ ನಗರಸಭೆ, ಪಾಲಿಕೆಗಳ ಊರಿಗೆ 7 ದಿನದ ಗಡುವು ಹಾಕಿದರು. ಗುಡ್ಡಗಾಡಿನ ಹಳ್ಳಿಗಳಿಗೆ 30 ದಿನ ಇದೆ. ನಾನು ಗುಡ್ಡ ಇಳಿದು ಬಂದವಳು, ನನಗೆ ಏಳು ದಿನವೇ ಅನ್ವಯಿಸಬೇಕು ಅಂದುಕೊಂಡಿದ್ದೆ.

ಆದರೆ ಆ ಏಳು ದಿನ ಯಾವತ್ತಿನಿಂದ ಎಣಿಸುವುದು? ಅರ್ಜಿ ಕೊಟ್ಟ ದಿನದಿಂದ. ಅರ್ಜಿ ಕೊಟ್ಟಿದ್ದೇನೆ ಅನ್ನುವುದಕ್ಕೆ ಸಾಕ್ಷಿ ಏನು? ಸ್ವೀಕೃತಿ. ಅದನ್ನೇ ಕೊಡದಿದ್ದರೆ ನಾನು ಅರ್ಜಿಯನ್ನೇ ಹಾಕಿಲ್ಲ, ನನ್ನ ಮನೆಗೆ ಕತ್ತಲೆಯೇ ಇಲ್ಲ, ಇಲಾಖೆಯ ಲೆಕ್ಕದಲ್ಲಿ ಬಾಕಿ ಅರ್ಜಿ ಸೊನ್ನೆ. ತಿಂಗಳ ಸಭೆಯಲ್ಲಿ ನಿಮ್ಮ ಮುಂದೆ ಇಡುವ ಪಟ್ಟಿ ಅಷ್ಟೊಂದು ಚೊಕ್ಕವಾಗಿ ಹೇಗಿರುತ್ತದೆ ಅಂತ ನಿಮಗೆ ಯಾವತ್ತೂ ಅನ್ನಿಸಲಿಲ್ಲವೇ? ಸಕಾಲ ಕಾಯ್ದೆಯೂ ಹೀಗೇ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಆ 20 ರೂಪಾಯಿ ನನಗೆ ಬೇಡ, ಅವರೇ ಚಹಾ ಕುಡಿಯಲಿ. ಸ್ವೀಕೃತಿಯ ಮೇಲೆ ಹದಿನೈದು ಅಂಕಿಯ ಒಂದು ನಂಬರ್ ಇರುತ್ತದಲ್ಲ, ಅದು ಕೊಡಿಸಿ. ಆನ್‌ಲೈನ್‌ನಲ್ಲಿ ಹಾಕಿ ಅಂತ ನೀವು ಹೇಳುತ್ತೀರಿ. ಹಾಕಿದೆವು, ಮಗಳೇ ಕೂತು ಹಾಕಿದಳು. "ಕಚೇರಿಯನ್ನು ಸಂಪರ್ಕಿಸಿ" ಅಂತ ವಾಪಸ್ ಬಂತು.

ಇನ್ನು ನೀರು. ತುಂಗೆಯ ನೀರು ಕೆಳಗಿನ ಸಂಪಿನವರೆಗೆ ಬರುತ್ತದೆ, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿಸುವ ಮೋಟಾರು ನಮ್ಮ ಮೀಟರಿನದು. ಹಾಗಾಗಿ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತುತ್ತೇನೆ. ಊರಲ್ಲಿ ಅಬ್ಬಿ ನೀರು ಅಂಗಳಕ್ಕೇ ಬಂದು ಬೀಳುತ್ತಿತ್ತು. ಸಿಟಿಗೆ ಬಂದು ಸೊಂಟದ ಮೇಲೆ ಬಿಂದಿಗೆ ಬಂತು. ಗ್ಯಾಸ್ ಒಂದು ಮಾತ್ರ ಸಲೀಸಾಗಿ ಆಯಿತು. ಊರಿನ ಏಜೆನ್ಸಿಗೆ ಸಿಲಿಂಡರು, ರೆಗ್ಯುಲೇಟರು ಒಪ್ಪಿಸಿದೆವು, ಠೇವಣಿ ವಾಪಸ್ ಕೊಟ್ಟು ವರ್ಗಾವಣೆ ಚೀಟಿ ಬರೆದುಕೊಟ್ಟರು. ಆ ಚೀಟಿ ಇಲ್ಲಿ ತೋರಿಸಿ ಠೇವಣಿ ಕಟ್ಟಿದ್ದಕ್ಕೆ ಇಲ್ಲಿಯ ಏಜೆನ್ಸಿ ಸಿಲಿಂಡರ್ ಕೊಟ್ಟಿತು. ಯಾರ ಅಪ್ಪನ ಸಹಿಯನ್ನೂ ಕೇಳಲಿಲ್ಲ. ಕೈಯಲ್ಲಿ ಬರೆದ ಕಾಗದ ಇತ್ತು, ಕೆಲಸ ಆಯಿತು, ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದೊಂದು ಆಗದೇ ಇದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಅತ್ತೆಗೆ ರಾತ್ರಿ ಹೊತ್ತು ಉಬ್ಬಸ ಏರುತ್ತದೆ. ಡಾಕ್ಟರು ನೆಬ್ಯುಲೈಜರ್ ಮಷಿನ್ ಬರೆದುಕೊಟ್ಟಿದ್ದಾರೆ, ಅದಕ್ಕೆ ಕರೆಂಟ್ ಬೇಕು. ಅಪರಾತ್ರಿಯಲ್ಲಿ ಎಪ್ಪತ್ತು ದಾಟಿದ ಮುದುಕಿಯನ್ನು ಹಿಡಿದು ಮೆಟ್ಟಿಲು ಇಳಿಸಿ ಕೆಳಗಿನವರ ಬಾಗಿಲು ಬಡಿಯುತ್ತಿದ್ದೆ. ಅವರೂ ಬಾಡಿಗೆಯವರೇ, ಸಾಗರದ ಕಡೆಯವರು. ನೋಡಲಾಗದೆ ಅವರೇ ಒಂದು ವಯರು ಎಳೆದು ಒಂದು ಬಲ್ಬು, ಒಂದು ಪ್ಲಗ್ಗು ಮಾಡಿಕೊಟ್ಟರು. "ಅಕ್ಕಾ, ನಿಮ್ಮ ಮೀಟರ್ ಬರೋವರೆಗೆ ಇರಲಿ" ಅಂದರು. ನನ್ನ ಅರ್ಜಿ ನೋಡಲು ತಿಂಗಳಲ್ಲಿ ಒಂದು ಗಳಿಗೆ ಸಿಗದ ಕಚೇರಿಗೆ ಆ ವಯರು ಮಾತ್ರ ಎರಡೇ ದಿನದಲ್ಲಿ ಕಂಡಿತು! ಜೀಪು ಬಂತು. ಫೋಟೋ ತೆಗೆದರು. ಒಂದು ಮನೆಗೆ ಕೊಟ್ಟ ವಿದ್ಯುತ್ತನ್ನು ಇನ್ನೊಂದು ಮನೆಗೆ ಬಳಸಿದ್ದು ಅನಧಿಕೃತ, 126ನೇ ಕಲಮು, ದುಪ್ಪಟ್ಟು ದರ ಅಂತ ಕೆಳಗಿನ ಮನೆಯವರಿಗೆ ನೋಟಿಸ್ ಕೊಟ್ಟರು. ಅಲ್ಲೇ ಬಾನೆಟ್ ಮೇಲೆ ಇಟ್ಟುಕೊಂಡು ಬರೆದರು. ತಾರೀಕು ಇತ್ತು, ಕಲಮು ಇತ್ತು, ಸಹಿ ಇತ್ತು, ಸೀಲೂ ಇತ್ತು. ಕೆಳಗೆ "ತಲುಪಿದೆ" ಅಂತ ಅವರ ಸಹಿ ಬೇರೆ ಹಾಕಿಸಿಕೊಂಡರು.

ಇವರಿಗೆ ಬರೆಯಲು ಬರುತ್ತದೆ ಅಂತ ನನಗೆ ಆವತ್ತೇ ಗೊತ್ತಾದದ್ದು.

ವಯರು ಬಿಚ್ಚಿಕೊಂಡು ಹೋದರು. ಅತ್ತೆಯನ್ನು ವಾಪಸ್ ಊರಿಗೆ ಕಳಿಸಿದ್ದೇವೆ. ಔಷಧಿಗೆಂದು ಕರೆತಂದವರನ್ನು ಕರೆಂಟ್ ಇಲ್ಲ ಅಂತ ಹಳ್ಳಿಗೆ ಕಳಿಸಿದ್ದೇವೆ, ಮಳೆಗಾಲದಲ್ಲಿ, ಆಸ್ಪತ್ರೆ ದೂರ ಇರುವ ಊರಿಗೆ. ಮಗಳು ಸಹಪಾಠಿಯ ಮನೆಯಲ್ಲಿ ಕೂತು ಓದಿ ಎಂಟೂವರೆಗೆ ಬರುತ್ತಾಳೆ. ದಂಡದ ದುಡ್ಡು ನಾನೇ ಕೊಡುತ್ತೇನೆ ಅಂದರೆ ಕೆಳಗಿನವರು ತೆಗೆದುಕೊಳ್ಳಲಿಲ್ಲ. ಇವರ ಮುಖ ನೋಡುವುದು ನನಗೆ ಕಷ್ಟ. ಆ ನೋಟಿಸ್ ಬರೆದವರಿಗೆ ಯಾವ ಕಷ್ಟವೂ ಇದ್ದಂತಿಲ್ಲ.

ಕರೆಂಟಿಲ್ಲದೆ ಬದುಕುವುದು ನಮಗೆ ಹೊಸದಲ್ಲ ಸ್ವಾಮಿ. ಆಷಾಢದ ಗಾಳಿಗೆ ಮರ ಬಿದ್ದು ಕಂಬ ಮುರಿದರೆ ನಮ್ಮೂರಲ್ಲಿ ದಿನಗಟ್ಟಲೆ ಬರುವುದಿಲ್ಲ. ಲೈನ್‌ಮ್ಯಾನ್ ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಕಾಡಿನೊಳಗೆ ಲೈನ್ ಹುಡುಕುತ್ತಾ ಹೋಗುವುದನ್ನು ನೋಡಿದ್ದೇವೆ, ಕರೆದು ಊಟ ಹಾಕಿದ್ದೇವೆ. ಅವರ ಮೇಲೆ ನಮಗೆ ಒಂದು ದಿನವೂ ಸಿಟ್ಟು ಬಂದಿಲ್ಲ. ಅಲ್ಲಿ ಮರ ಬಿದ್ದಿರುತ್ತದೆ, ಕಣ್ಣಿಗೆ ಕಾಣುತ್ತದೆ. ಇಲ್ಲಿ ಏನು ಬಿದ್ದಿದೆ ಅಂತ ಯಾರೂ ಹೇಳುವುದಿಲ್ಲ.

ಇನ್ನೊಂದು ಮಾತು, ಬೇಡ ಅಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ಯಜಮಾನರ ಅಜ್ಜನ ಮನೆ, ಗದ್ದೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹೋದವು. ಆ ನೀರಿನಿಂದ ಶರಾವತಿ ವಿದ್ಯುದಾಗಾರಕ್ಕೆ 1,035 ಮೆಗಾವ್ಯಾಟ್ ತಾಕತ್ತು ಬಂತು. ಇಡೀ ರಾಜ್ಯ ಬೆಳಗಿತು, ಸಂತೋಷ. ಆಗ ಅಜ್ಜನನ್ನು ಎಬ್ಬಿಸುವಾಗ ವಂಶವೃಕ್ಷ ತನ್ನಿ, ವಾರಸುದಾರರ ಒಪ್ಪಿಗೆ ತನ್ನಿ ಅಂತ ಯಾರೂ ಕಾಯಲಿಲ್ಲ. ನೀರು ಬರುತ್ತದೆ, ಏಳಿ ಅಂದರು. ಮೊಮ್ಮಗನ ಹೆಂಡತಿ ಒಂದು ಬಲ್ಬು, ಒಂದು ಫ್ಯಾನು, ಒಂದು ಮೋಟಾರು ಕೇಳಿದರೆ ಸತ್ತವರ ಸಹಿ ಬೇಕು.

ಮೆಸ್ಕಾಂ ಒಂದು ಕಂಪನಿ, ನನ್ನ ಕೈಕೆಳಗೆ ಬರುವುದಿಲ್ಲ ಅಂತ ದಯವಿಟ್ಟು ಹೇಳಬೇಡಿ. ಹೆಸರಿಗೆ ಕಂಪನಿ, ಆದರೆ ಸರ್ಕಾರದ್ದೇ. ಜಿಲ್ಲೆಯ ಸಭೆಗೆ ನೀವು ಕರೆದರೆ ಅವರು ಬರುತ್ತಾರೆ, ಫೈಲೂ ತರುತ್ತಾರೆ. ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗಿ ಅಂತಲೂ ಹೇಳಬೇಡಿ. ಅಲ್ಲಿಗೆ ಹೋಗಲು ಮೊದಲು ದೂರಿನ ಜೊತೆ ಏನಾದರೂ ಇಡಬೇಕು. ನನ್ನ ಹತ್ತಿರ ಇರುವುದು ಎರಡು ಕಾಗದ: ಯಾರದೋ ಬಾಕಿಗೆ ನಾನು ಕಟ್ಟಿದ ರಸೀದಿ, ಮತ್ತು ಕೆಳಗಿನ ಮನೆಯವರಿಗೆ ಬಂದ ನೋಟಿಸಿನ ಜೆರಾಕ್ಸು.

ಆದ್ದರಿಂದ ಮತ್ತೆ ಕೇಳುತ್ತೇನೆ. ನಾಳೆಯೇ ಕರೆಂಟ್ ಕೊಡಿಸಿ ಅಂತ ಕೇಳುತ್ತಿಲ್ಲ, ಶಿಫಾರಸು ಮಾಡಿ ಅಂತಲೂ ಅಲ್ಲ. ಬಾಡಿಗೆಯವರ ಅರ್ಜಿಯನ್ನು ಬಾಡಿಗೆ ಕರಾರಿನ ಮೇಲೆ ತೆಗೆದುಕೊಳ್ಳಲು ಹೇಳಿ. ತೆಗೆದುಕೊಂಡ ದಿನವೇ ನಂಬರ್ ಹಾಕಿದ ಸ್ವೀಕೃತಿ ಕೊಡಲು ಹೇಳಿ. ಓಸಿ ಬೇಕಿದ್ದರೆ ಓಸಿ ಅಂತ, ವಂಶವೃಕ್ಷ ಬೇಕಿದ್ದರೆ ವಂಶವೃಕ್ಷ ಅಂತ, ಸತ್ತವರೇ ಬರಬೇಕಿದ್ದರೆ ಅದನ್ನೂ, ಕಲಮು ಸಮೇತ ಬರೆದು ಕೊಡಲು ಹೇಳಿ. ಬರೆದು ಕೊಟ್ಟರೆ ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ.

ನಿಮ್ಮ ಮುಂದಿನ ಜನಸ್ಪಂದನ ಸಭೆಗೆ ಇದೇ ಪತ್ರ ಹಿಡಿದುಕೊಂಡು ಬರುತ್ತೇನೆ, ಎರಡು ಪ್ರತಿ ತರುತ್ತೇನೆ. ಒಂದು ನಿಮಗೆ. ಇನ್ನೊಂದರ ಮೇಲೆ "ಸ್ವೀಕರಿಸಲಾಗಿದೆ" ಅಂತ ಸೀಲ್ ಹಾಕಿಸಿ, ತಾರೀಕು ಸಮೇತ ನನಗೆ ವಾಪಸ್ ಕೊಡಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಮಹಡಿ ಮನೆಯ ಬಾಡಿಗೆಯವಳು,
ಶಿವಮೊಗ್ಗ