ನಾಳೆ ಆಡುವ ಹುಡುಗರ ಪಟ್ಟಿ

ಡರ್ಹಮ್, ನಾರ್ತ್ ಕ್ಯಾರೊಲಿನಾ
ಅಕ್ಟೋಬರ್ 2025

ಪ್ರೀತಿಯ ಅಪ್ಪ, ಅಮ್ಮ ಮತ್ತು ತಮ್ಮನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಇಲ್ಲಿ ಬೆಳಗ್ಗೆ ಹೊತ್ತು ಚಳಿ ಶುರುವಾಗಿದೆ. ಭದ್ರಾವತಿಯಲ್ಲಿ ಮಳೆ ನಿಂತಿತಾ?

ಅಪ್ಪ, ಭಾನುವಾರ ಫೋನಿನಲ್ಲಿ ನೀವು ಒಂದು ಮಾತು ಕೇಳಿದಿರಿ. "ದೊಡ್ಡ ಮ್ಯಾಚ್ ಒಂದೂ ಆಡದ ಬೇಸ್‌ಬಾಲ್ ಹುಡುಗರಿಗೆ ಒಂದು, ಎರಡು, ಮೂರು ಅಂತ ನಂಬರ್ ಕೊಡ್ತೀಯಲ್ಲ, ಯಾವ ಆಧಾರದ ಮೇಲೆ?" ಅಂತ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಅದು. ಅದಕ್ಕೇ ಬರೆಯಲು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಊಟ ಆದಮೇಲೆ ಓದಿ.

ಇಲ್ಲಿನ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. ಒಂದೊಂದು ತಂಡದ ಕೈಕೆಳಗೂ ಹುಡುಗರು ಆಡಿ ಪಳಗುವ ನಾಲ್ಕು ಮೈನರ್ ಲೀಗ್ ತಂಡಗಳು. ಕೆಳಗಿನಿಂದ ಹೇಳುವುದಾದರೆ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಅದಕ್ಕೂ ಕೆಳಗೆ ಫ್ಲಾರಿಡಾ, ಅರಿಜೋನಾದಲ್ಲಿ ಹೊಸಬರ ಲೀಗುಗಳು. ಡೊಮಿನಿಕನ್ ರಿಪಬ್ಲಿಕ್ ದೇಶದಲ್ಲಿ ಇನ್ನೊಂದು. ನಾನಿರುವ ಊರಿನ ಡರ್ಹಮ್ ಬುಲ್ಸ್ ಟ್ರಿಪಲ್-ಎ ತಂಡ. 1998ರಿಂದ ಅದು ಫ್ಲಾರಿಡಾದ ಟ್ಯಾಂಪಾ ಬೇ ರೇಸ್ ತಂಡಕ್ಕೆ ಸೇರಿದ್ದು. ರೇಸ್‌ನ ಉಳಿದ ಹುಡುಗರು ಮಾಂಟ್‌ಗೊಮರಿ, ಬೌಲಿಂಗ್ ಗ್ರೀನ್, ಚಾರ್ಲ್‌ಸ್ಟನ್ ಊರುಗಳಲ್ಲಿ ಆಡುತ್ತಾರೆ. ಕೆಲಸ ಮುಗಿಸಿ ಸಂಜೆ ನಾನು ಹೋಗುವುದು ಬುಲ್ಸ್ ಮೈದಾನಕ್ಕೆ. ಎಡಗಡೆ 32 ಅಡಿ ಎತ್ತರದ ನೀಲಿ ಗೋಡೆ. ಮೇಲೆ ದೊಡ್ಡದೊಂದು ಗೂಳಿಯ ಬೋರ್ಡು. ನಮ್ಮವರು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆದರೆ ಗೂಳಿಯ ಕಣ್ಣು ಕೆಂಪಾಗಿ ಹೊಳೆಯುತ್ತೆ, ಮೂಗಿನಿಂದ ಹೊಗೆ ಬರುತ್ತೆ. ಚೆಂಡು ಗೂಳಿಗೆ ಬಡಿದರೆ ಮಾಂಸದೂಟ ಬಹುಮಾನ. ಅದರ ಕಾಲ ಕೆಳಗಿನ ಹುಲ್ಲಿಗೆ ಬಡಿದರೆ ಸಲಾಡ್. ಅಮ್ಮ, ಎರಡನೆಯದು ನಿನಗೆ ಇಷ್ಟವಾಗಬಹುದು.

ರೇಸ್ ಹತ್ತಿರ ದುಡ್ಡು ಕಮ್ಮಿ. ನ್ಯೂಯಾರ್ಕ್, ಲಾಸ್ ಏಂಜಲೀಸ್ ತಂಡಗಳು ಸಂಬಳಕ್ಕೆ ಸುರಿಯುವ ಹಣದ ಹತ್ತಿರಕ್ಕೂ ಇವರು ಹೋಗಲಾರರು. ಆದರೂ 2008ರಲ್ಲಿ, 2020ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗಿನ ಫೈನಲ್‌ವರೆಗೆ ಹೋದರು. ಹೇಗೆ ಅಂದರೆ, ಬೇರೆಯವರ ಕಣ್ಣಿಗೆ ಬೀಳುವ ಮೊದಲೇ ಹುಡುಗರನ್ನು ಗುರುತಿಸಿ ಬೆಳೆಸುತ್ತಾರೆ. ನಾನು ಈ ತಂಡದ ಹಿಂದೆ ಬಿದ್ದಿದ್ದೂ ಇದೇ ಕಾರಣಕ್ಕೆ. ಪ್ರತಿ ಚಳಿಗಾಲ ಗೆಳೆಯರ ಜೊತೆ ಕೂತು ರೇಸ್‌ನ 30 ಹುಡುಗರ ಪಟ್ಟಿ ಮಾಡುತ್ತೇನೆ. ನೀವು ಕೇಳಿದ್ದು ಆ ಪಟ್ಟಿಯ ಬಗ್ಗೆ.

ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದಿನ ಸೀಟುಗಳಲ್ಲಿ ಸ್ಕೌಟ್‌ಗಳು, ಅಂದರೆ ತಂಡಗಳಿಗಾಗಿ ಹುಡುಗರನ್ನು ನೋಡಿ ಅಳೆಯುವವರು, ಕೂತಿರುತ್ತಾರೆ. ಕೈಯಲ್ಲಿ ರೇಡಾರ್ ಗನ್, ಸ್ಟಾಪ್‌ವಾಚ್, ಚಿಕ್ಕ ನೋಟ್‌ಬುಕ್. ಬ್ಯಾಟ್ ಮಾಡಿದವನು ಔಟಾದರೂ ಅವರು ಸ್ಟಾಪ್‌ವಾಚ್ ಒತ್ತಿರುತ್ತಾರೆ. ಬ್ಯಾಟರ್ ಓಡಿ ಮುಟ್ಟಬೇಕಾದ ಮೊದಲ ಬೇಸ್‌ಗೆ 90 ಅಡಿ ಓಡಲು ಎಷ್ಟು ಹೊತ್ತು ಬೇಕಾಯಿತು ಅನ್ನುವುದು ಅವರಿಗೆ ಮುಖ್ಯ. ಬಲಗೈ ಬ್ಯಾಟರ್‌ಗೆ 4.3 ಸೆಕೆಂಡ್ ಸಾಧಾರಣ. 4 ಸೆಕೆಂಡ್ ಹತ್ತಿರ ಬಂದರೆ ಅವನು ಗಾಳಿಯ ಹಾಗೆ ಓಡುವವನು. ಬ್ಯಾಟರ್ ಹಿಂದೆ ಕೂತ ಕ್ಯಾಚರ್ ಚೆಂಡು ಹಿಡಿದು ಎರಡನೇ ಬೇಸ್‌ಗೆ ಎಸೆದರೆ ಅದನ್ನೂ ಅಳೆಯುತ್ತಾರೆ. ಅಲ್ಲಿ 2 ಸೆಕೆಂಡ್ ಸಾಧಾರಣ. ಅದಕ್ಕಿಂತ ಕಮ್ಮಿಯಾದಷ್ಟೂ ಒಳ್ಳೆಯದು.

ನೋಡಿದ್ದನ್ನೆಲ್ಲ 20ರಿಂದ 80ರ ಅಂಕದಲ್ಲಿ ಬರೆಯುತ್ತಾರೆ. ಬ್ಯಾಟ್‌ಗೆ ಚೆಂಡು ತಾಗಿಸುವುದು, ಹೊಡೆತದ ಬಲ, ಓಟ, ಫೀಲ್ಡಿಂಗ್, ಎಸೆತ ಅಂತ ಐದಕ್ಕೂ ಬೇರೆ ಬೇರೆ ಅಂಕ. ಇಲ್ಲಿ 50 ಅಂದರೆ ದೊಡ್ಡ ಲೀಗಿನ ಸಾಧಾರಣ ಆಟಗಾರ. ಕಾಲೇಜಿನ ಸಾಧಾರಣ ಅಲ್ಲ, ಡರ್ಹಮ್‌ನ ಸಾಧಾರಣವೂ ಅಲ್ಲ. ಹಾಗಾಗಿ 50 ಸಿಕ್ಕಿತು ಅಂದರೆ ಅದು ದೊಡ್ಡ ಮಾತು. ಅಲ್ಲಿಂದ ಹತ್ತತ್ತು ಅಂಕ ಮೇಲೆ ಹೋದ ಹಾಗೆ ಜನ ಬೇಗ ಬೇಗ ಕಮ್ಮಿಯಾಗುತ್ತಾರೆ. ಲೆಕ್ಕದ ಪ್ರಕಾರ ನೂರರಲ್ಲಿ 16 ಜನ 60 ದಾಟಬಹುದು. 70 ದಾಟುವವರು ಇಬ್ಬರು. 80 ಮುಟ್ಟುವವರು ಸಾವಿರಕ್ಕೆ ಒಬ್ಬಿಬ್ಬರು. ಇನ್ನೊಂದು ವಿಷಯ ಇದೆ ಅಪ್ಪ. ಒಂದೊಂದಕ್ಕೂ ಎರಡೆರಡು ಅಂಕ ಕೊಡುತ್ತಾರೆ. ಇವತ್ತಿನದು ಒಂದು, ಮುಂದೆ ಆಗಬಹುದಾದ್ದು ಇನ್ನೊಂದು. ಹತ್ತೊಂಬತ್ತರ ಹುಡುಗನ ಬಲಕ್ಕೆ ಇವತ್ತು 40, ಮುಂದೆ 60 ಅಂತ ಬರೆಯಬಹುದು. ಆ 40ಕ್ಕೂ 60ಕ್ಕೂ ನಡುವೆ ಇರುವುದೇ ಸ್ಕೌಟ್‌ನ ಕಸುಬು. ಹುಡುಗನ ಭುಜ ಅಗಲವಾಗುತ್ತಾ? ಬ್ಯಾಟ್ ಬೀಸುವ ವೇಗ ಈಗಲೇ ಇದೆಯಾ? ಕೊನೆಗೆ ಪಕ್ಕಕ್ಕೆ ತಿರುಗಿ ಮೋಸ ಮಾಡುವ ಸ್ಲೈಡರ್ ಎಸೆತ ಬಂದರೆ ಕೈ ಕಟ್ಟಿ ಬಿಡುತ್ತಾನಾ, ಇಲ್ಲಾ ಸುಮ್ನೆ ಬೀಸುತ್ತಾನಾ? ನಾನು ನೋಡುವುದೂ ಇವೇ.

ಆದ್ದರಿಂದ ಈ ಪಟ್ಟಿ ಯಾರು ಎಷ್ಟು ಹೊಡೆದರು ಅನ್ನುವ ಪಟ್ಟಿ ಅಲ್ಲ. ಐದು ವರ್ಷ ಆದಮೇಲೆ ಯಾರು ದೊಡ್ಡ ಲೀಗಿನಲ್ಲಿ ನಿಲ್ಲುತ್ತಾರೆ ಅನ್ನುವ ಅಂದಾಜು. ಬರೀ ರನ್ ನೋಡಿದವರು ಏನಾಗುತ್ತಾರೆ ಅನ್ನುವುದಕ್ಕೆ ಬ್ರ್ಯಾಂಡನ್ ವುಡ್ ಕತೆ ಸಾಕು. 2005ರಲ್ಲಿ ಏಂಜಲ್ಸ್ ತಂಡದ ಹೈ-ಎ ಹುಡುಗನಾಗಿ 43 ಹೋಮ್ ರನ್ ಹೊಡೆದ. ಮರುವರ್ಷ ಇಡೀ ದೇಶದ ಪಟ್ಟಿಯಲ್ಲಿ ಮೂರನೆಯ ಜಾಗದಲ್ಲಿ ನಿಲ್ಲಿಸಿದರು. ಆದರೆ ಅವನು ಆಡುತ್ತಿದ್ದ ಕ್ಯಾಲಿಫೋರ್ನಿಯಾ ಲೀಗಿನ ಒಣ ಹವೆಯಲ್ಲಿ ಚೆಂಡು ದೂರ ಹಾರುತ್ತೆ. ಅಲ್ಲಿ ಬ್ಯಾಟರ್‌ಗಳದ್ದೇ ರಾಜ್ಯ. ಬೀಸಿದರೂ ಬ್ಯಾಟ್‌ಗೆ ಚೆಂಡು ತಾಗದೆ ಹೋಗುವುದೂ ಅವನಲ್ಲಿ ಜಾಸ್ತಿ ಇತ್ತು. ದೊಡ್ಡ ಲೀಗಿನಲ್ಲಿ ಕೊನೆಗೆ ಅವನ ಬ್ಯಾಟಿಂಗ್ ಸರಾಸರಿ .186, ಅಂದರೆ ಸಾವಿರ ಅವಕಾಶಕ್ಕೆ 186 ಹಿಟ್. ಅಲ್ಲಿ .250 ಇದ್ದರೆ ಪರವಾಗಿಲ್ಲ ಅನ್ನಬಹುದು. .186 ಇಟ್ಟುಕೊಂಡು ಯಾರೂ ಉಳಿಯಲಾರರು.

ಇದಕ್ಕೆ ಎದುರಾಗಿ ಜೂನಿಯರ್ ಕಮಿನೇರೋ ಕತೆ. ತಮ್ಮ, ಇದನ್ನು ನೀನು ಗಮನ ಇಟ್ಟು ಓದು. 2021ರ ನವೆಂಬರ್. ರೇಸ್ ಹತ್ತಿರ ಟೋಬಾಯಸ್ ಮೈಯರ್ಸ್ ಅನ್ನುವ ಒಳ್ಳೆಯ ಪಿಚರ್ (ನಮ್ಮ ಬೌಲರ್ ಹಾಗೆ ಬ್ಯಾಟರ್‌ಗೆ ಚೆಂಡು ಎಸೆಯುವವನು) ಇದ್ದ. ಇಲ್ಲಿ ಒಂದು ನಿಯಮ ಇದೆ. ಹುಡುಗ ನಾಲ್ಕೈದು ವರ್ಷ ಮೈನರ್ ಲೀಗಿನಲ್ಲಿ ಕಳೆದ ಮೇಲೆ ತಂಡ ಅವನನ್ನು 40 ಜನರ ಮುಖ್ಯ ಪಟ್ಟಿಗೆ ಸೇರಿಸಬೇಕು. ಸೇರಿಸದಿದ್ದರೆ ಬೇರೆ ತಂಡ ಅವನನ್ನು ಎತ್ತಿಕೊಂಡು ಹೋಗಬಹುದು. ಚೆನ್ನಾಗಿ ಆಡುವ ಹುಡುಗರು ಕಾಯುತ್ತಾ ಕೊಳೆಯಬಾರದು ಅಂತ ಮಾಡಿದ ನಿಯಮ, ನನಗೆ ತುಂಬಾ ನ್ಯಾಯವಾದದ್ದು ಅನ್ನಿಸುತ್ತೆ. ರೇಸ್‌ನ 40ರಲ್ಲಿ ಜಾಗ ಸಾಲದಾಯಿತು. ಮೈಯರ್ಸ್‌ನನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟರು. ಬದಲಿಗೆ ತಗೊಂಡಿದ್ದು 18 ವರ್ಷದ ಕಮಿನೇರೋನನ್ನು. ಅವನು ಆಗ ಆಡಿದ್ದು ಡೊಮಿನಿಕನ್ ಲೀಗಿನಲ್ಲಿ ಮಾತ್ರ. ಅಮೆರಿಕದಲ್ಲಿ ಒಂದು ಮ್ಯಾಚೂ ಇಲ್ಲ. ಪೇಪರ್ ಓದುವವರಲ್ಲಿ ಅವನ ಹೆಸರು ಕೇಳಿದವರೇ ಕಮ್ಮಿ. ಆದರೆ ಯಾರೋ ಸ್ಕೌಟ್ ಆ ಬಿಸಿಲಿನಲ್ಲಿ ಕೂತು ಅವನು ಬ್ಯಾಟ್ ಬೀಸುವ ವೇಗ ನೋಡಿದ್ದ, ಬರೆದಿದ್ದ, ಮೇಲಿನವರು ಆ ಬರಹವನ್ನು ನಂಬಿದರು.

2023ರಲ್ಲಿ ಹೈ-ಎ, ಡಬಲ್-ಎ ಎರಡೂ ಸೇರಿ ಅವನು 31 ಹೋಮ್ ರನ್ ಹೊಡೆದ. ಆ ಜುಲೈನಲ್ಲಿ ಅವನಿಗೆ 20 ತುಂಬಿತು. ಡಬಲ್-ಎ ಪಿಚರ್‌ಗಳಲ್ಲಿ ಹೆಚ್ಚಿನವರು ಅವನಿಗಿಂತ ಮೂರು ನಾಲ್ಕು ವರ್ಷ ದೊಡ್ಡವರು. 31 ಅನ್ನುವುದಕ್ಕಿಂತ ನನಗೆ ಈ ವಯಸ್ಸಿನ ಲೆಕ್ಕ ದೊಡ್ಡದು. ಅದೇ ಹೊಡೆತವನ್ನು 25ರ ಹುಡುಗ ಹೊಡೆದಿದ್ದರೆ ನನ್ನ ಪಟ್ಟಿಯಲ್ಲಿ ಎಷ್ಟೋ ಕೆಳಗೆ ಇರುತ್ತಿದ್ದ. ಸೆಪ್ಟೆಂಬರ್‌ನಲ್ಲಿ ಟ್ರಿಪಲ್-ಎ ಹಾರಿ ನೇರ ದೊಡ್ಡ ಲೀಗಿಗೆ ಹೋದ. 2024ರಲ್ಲಿ ಸ್ವಲ್ಪ ಕಾಲ ನಮ್ಮ ಡರ್ಹಮ್‌ನಲ್ಲೂ ಆಡಿದ. ಅವನು ಹೊಡೆದ ಚೆಂಡಿನ ಸದ್ದೇ ಬೇರೆ, ಅಪ್ಪ. ಪಾಪ್‌ಕಾರ್ನ್ ಸಾಲಿನಲ್ಲಿ ನಿಂತವರೂ ತಿರುಗಿ ನೋಡುತ್ತಿದ್ದರು. ಈ ವರ್ಷ ದೊಡ್ಡ ಲೀಗಿನಲ್ಲಿ 45 ಹೋಮ್ ರನ್.

ಎಲ್ಲರನ್ನೂ ಹೀಗೆ ಹಿಡಿಯಲು ಆಗುವುದಿಲ್ಲ. ಅಳತೆಗೆ ಸಿಗದ ಹುಡುಗರು ಇದ್ದಾರೆ. ವೆನೆಜುವೆಲಾದ ಹೊಸೆ ಆಲ್ಟುವೆ 5 ಅಡಿ 6 ಇಂಚು. ಆಸ್ಟ್ರೋಸ್ ತಂಡದ ಆಯ್ಕೆಗೆ ಬಂದವನನ್ನು ಗಿಡ್ಡ ಅಂತ ವಾಪಸ್ ಕಳಿಸಿದರು. ಮಾರನೆಯ ದಿನ ಹುಟ್ಟಿದ ದಿನದ ಸರ್ಟಿಫಿಕೇಟ್ ಹಿಡಿದು ಮತ್ತೆ ಬಂದ. 2007ರಲ್ಲಿ 15,000 ಡಾಲರ್‌ಗೆ ಸೇರಿಸಿಕೊಂಡರು. ಅಲ್ಲಿ ಅದು ತೀರಾ ಸಣ್ಣ ಮೊತ್ತ. 2017ರಲ್ಲಿ ಅವನೇ ಅಮೆರಿಕನ್ ಲೀಗಿನ ಅತ್ಯುತ್ತಮ ಆಟಗಾರ. ಇದನ್ನು ಓದುವಾಗ ನಿಮಗೆ ಯಾರು ನೆನಪಾಗುತ್ತಾರೆ ಅಂತ ನನಗೆ ಗೊತ್ತು. ನಮ್ಮ ಭದ್ರಾವತಿಯ ಕ್ರಿಕೆಟಿಗ ಜಿ. ಆರ್. ವಿಶ್ವನಾಥ್ ಅವರೇ ಅಲ್ವಾ? 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್, ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಎತ್ತರ ನೋಡಿ ಅಂಕ ಕೊಟ್ಟಿದ್ದರೆ ಆ ಸ್ಕ್ವೇರ್ ಕಟ್ ಎಲ್ಲಿ ಸಿಗುತ್ತಿತ್ತು? ಕೈ ಮತ್ತು ಕಣ್ಣಿನ ಹೊಂದಾಣಿಕೆಗೆ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುವುದು ನಿಮ್ಮಿಂದ ಬಂದದ್ದು. ಅವರ ಆಟದ ಬಗ್ಗೆ ನೀವು ಹೇಳುತ್ತಿದ್ದದ್ದನ್ನು ಕೇಳಿ ಕೇಳಿ ಬೆಳೆದವಳು ನಾನು.

ಈ ಸಲ ನನ್ನ ಪಟ್ಟಿಯ ಮೇಲ್ಗಡೆ ಕಾರ್ಸನ್ ವಿಲಿಯಮ್ಸ್ ಇದ್ದಾನೆ. ಸ್ಯಾನ್ ಡಿಯಾಗೋ ಕಡೆಯ ಹುಡುಗ, 2021ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) 28ನೆಯವನಾಗಿ ಆರಿಸಿದ್ದು. ಈ ವರ್ಷ ಆಗಸ್ಟ್‌ವರೆಗೆ ಡರ್ಹಮ್‌ನಲ್ಲಿ ಆಡಿ ಮೇಲೆ ಹೋದ. ಅಲ್ಲಿ ಇನ್ನೂ ಹೆಚ್ಚು ಆಡಿಲ್ಲ, ಹಾಗಾಗಿ ಪಟ್ಟಿಯಲ್ಲಿ ಉಳಿದಿದ್ದಾನೆ. ಅವನ ಬಗ್ಗೆ ಗೆಳೆಯರ ಜೊತೆ ದೊಡ್ಡ ವಾದವೇ ನಡೆಯುತ್ತಿದೆ. ಬೀಸಿ ಬೀಸಿ ಔಟಾಗುವುದು ತುಂಬಾ ಜಾಸ್ತಿ, ವುಡ್ ಹಾಗೇ ಆಗುತ್ತಾನೆ ಅನ್ನುತ್ತಾರೆ ಅವರು. ನಾನು ಒಪ್ಪುವುದಿಲ್ಲ. ಅವನು ಆಡುವುದು ಶಾರ್ಟ್‌ಸ್ಟಾಪ್. ಎರಡನೇ ಮತ್ತು ಮೂರನೇ ಬೇಸಿನ ನಡುವಿನ ಜಾಗ ಅದು, ಫೀಲ್ಡಿಂಗ್‌ನಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗಗಳಲ್ಲಿ ಒಂದು. ಆ ಜಾಗದಲ್ಲಿ ಅವನು ಆಡುವುದನ್ನು ನೋಡಬೇಕು. ಮೂರನೇ ಬೇಸಿನ ಕಡೆಗೆ ಓಡಿ, ಹಿಂದೆ ವಾಲಿಕೊಂಡೇ ಎಸೆದರೂ ಚೆಂಡು ನೆಲ ಮುಟ್ಟದೆ ಮೊದಲ ಬೇಸ್‌ಗೆ ಬರುತ್ತೆ. ಬ್ಯಾಟ್ ಸಾಧಾರಣಕ್ಕಿಂತ ಕಮ್ಮಿ ಇದ್ದರೂ ಅಂಥವನಿಗೆ ತಂಡದಲ್ಲಿ ಜಾಗ ಇದ್ದೇ ಇರುತ್ತೆ. ಬರೀ ಮೊದಲ ಬೇಸ್ ಆಡುವ ಹುಡುಗನ ಬ್ಯಾಟ್ ಕೈಕೊಟ್ಟರೆ ಅವನಿಗೆ ಹೋಗಲು ಬೇರೆ ಜಾಗ ಇಲ್ಲ. ಪಿಚರ್‌ಗಳನ್ನು ಸ್ವಲ್ಪ ಕೆಳಗೆ ಇಡುತ್ತೇನೆ. ಗಂಟೆಗೆ 155 ಕಿಲೋಮೀಟರ್ ವೇಗದಲ್ಲಿ ದಿನಾ ಎಸೆದರೆ ಮೊಣಕೈ ಎಷ್ಟು ತಡೆದೀತು? ಒಳಗಿನ ಲಿಗಮೆಂಟ್ ಹರಿದರೆ ಆಪರೇಷನ್, ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮನೆ.

ಅಮ್ಮ, ನೀನು ಕೇಳಿದ್ದು ಅವರ ಊಟ ತಿಂಡಿ ಬಗ್ಗೆ. ಮನಸ್ಸಿಗೆ ನೋವಾಗುವ ಭಾಗ ಅದು. ಡ್ರಾಫ್ಟ್‌ನಲ್ಲಿ ಮೊದಲು ಬಂದವರಿಗೆ ಲಕ್ಷ ಲಕ್ಷ ಡಾಲರ್ ಸಿಗುತ್ತೆ. ಉಳಿದವರಿಗೆ ಬಹಳ ವರ್ಷ ಹೊಟ್ಟೆ ತುಂಬುವಷ್ಟೂ ಸಂಬಳ ಇರಲಿಲ್ಲ. ಒಂದೇ ಮನೆಯಲ್ಲಿ ಐದಾರು ಹುಡುಗರು ಗಾಳಿ ಹಾಸಿಗೆ ಹಾಕಿಕೊಂಡು ಮಲಗುತ್ತಿದ್ದರು. ಚಳಿಗಾಲದಲ್ಲಿ ಬೇರೆ ಕೆಲಸ ಹುಡುಕುತ್ತಿದ್ದರು. 2022ರಿಂದ ತಂಡಗಳೇ ಮನೆ ಕೊಡಬೇಕು ಅಂತಾಯಿತು. ಅದೇ ವರ್ಷ ಹುಡುಗರು ಆಟಗಾರರ ಯೂನಿಯನ್ ಸೇರಿದರು. 2023ರ ಮೊದಲ ಒಪ್ಪಂದದಲ್ಲಿ ಟ್ರಿಪಲ್-ಎ ಹುಡುಗನ ವರ್ಷದ ಸಂಬಳ ಕನಿಷ್ಠ 17,500 ಡಾಲರ್‌ನಿಂದ 35,800ಕ್ಕೆ ಏರಿತು. ಸಿಂಗಲ್-ಎ ಹುಡುಗನಿಗೆ 26,200. ಇಲ್ಲಿನ ಖರ್ಚಿಗೆ ಇದೂ ಜಾಸ್ತಿ ಅಲ್ಲ. ಆದರೆ ರಾತ್ರಿ ಮ್ಯಾಚ್ ಮುಗಿಸಿ ಸರಿಯಾಗಿ ಊಟ ಮಾಡಬಹುದು. ಬರೀ ಬ್ರೆಡ್ ತಿಂದು ಮಲಗುವ ಹುಡುಗನ ಹೊಡೆತದ ಬಲಕ್ಕೆ ನಾನು ಯಾವ ಅಂಕ ಕೊಡಲಿ ಹೇಳು?

ನನ್ನ ಪಟ್ಟಿಯಲ್ಲಿ 25ರಿಂದ 30ರವರೆಗಿನ ಹುಡುಗರಿಗೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ಮೊದಲ ಐದು ಹೆಸರು ಎಲ್ಲರಿಗೂ ಗೊತ್ತು. ಆದರೆ ಆಮೇಲೆ ದೊಡ್ಡ ಹೆಸರು ಮಾಡಿದ ಆಲ್ಬರ್ಟ್ ಪೂಹೋಲ್ಸ್ 1999ರ ಡ್ರಾಫ್ಟ್‌ನಲ್ಲಿ 402ನೆಯವನು. ಅವನ ಹಾಗೇ ಹೆಸರು ಮಾಡಿದ ಮೈಕ್ ಪಿಯಾಟ್ಸಾ 1988ರಲ್ಲಿ 1390ನೆಯವನು, 62ನೇ ಸುತ್ತಿನಲ್ಲಿ. ಈಗ ಡ್ರಾಫ್ಟ್‌ನಲ್ಲಿ 20 ಸುತ್ತು ಮಾತ್ರ. ಪಿಯಾಟ್ಸಾನಂಥವನ ಹೆಸರನ್ನು ಇವತ್ತು ಯಾರೂ ಕೂಗುವುದೇ ಇಲ್ಲ. 2021ರಲ್ಲಿ 40ಕ್ಕೂ ಹೆಚ್ಚು ಊರುಗಳ ಮೈನರ್ ಲೀಗ್ ತಂಡಗಳನ್ನೂ ಕೈಬಿಟ್ಟರು. ಇದು ನನಗೆ ಸರಿ ಕಾಣುವುದಿಲ್ಲ. ತಡವಾಗಿ ಬೆಳೆಯುವ ಹುಡುಗನಿಗೆ ಬೇಕಾದ್ದು ಆಡುವುದಕ್ಕೊಂದು ಜಾಗ, ಇನ್ನೊಂದೆರಡು ವರ್ಷ. ಎರಡನ್ನೂ ಕಿತ್ತುಕೊಂಡರೆ ಯಾವ ಸ್ಕೌಟ್‌ನ ಕಣ್ಣೂ ಉಪಯೋಗಕ್ಕೆ ಬರುವುದಿಲ್ಲ.

ತಮ್ಮ, ನಮ್ಮ ದೇಶದಿಂದ ಯಾರೂ ಬಂದಿಲ್ಲವಾ ಅಂತ ಕೇಳಿದ್ದೆ. ಬಂದಿದ್ದಾರೆ. ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಅಂತ ಇಬ್ಬರು. ನೀನು ಐಪಿಎಲ್‌ನಲ್ಲಿ ನೋಡುವ ರಿಂಕು ಬೇರೆ. ಇವರು ಜಾವೆಲಿನ್ ಎಸೆಯುತ್ತಿದ್ದವರು. ಚೆಂಡು ಎಸೆಯುವ ಸ್ಪರ್ಧೆಯೊಂದರಲ್ಲಿ ಗುರುತಿಸಿ, 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿಸಿಕೊಂಡಿತು. ಬೇಸ್‌ಬಾಲ್ ಅಂದರೆ ಏನು ಅಂತಲೇ ತಿಳಿಯದೆ ಬಂದು ರಿಂಕು ಸಿಂಗಲ್-ಎ ವರೆಗೆ ಏರಿದ. ನನಗೆ ಅದು ಸಣ್ಣ ಸಾಧನೆ ಅಲ್ಲ.

ಏಪ್ರಿಲ್‌ನಲ್ಲಿ ರಜೆ ಹಾಕಿ ಚಾರ್ಲ್‌ಸ್ಟನ್‌ಗೆ ಹೋಗುತ್ತೇನೆ. ಸಿಂಗಲ್-ಎ ಹುಡುಗರನ್ನು ಸೀಸನ್ ಶುರುವಿನಲ್ಲೇ ನೋಡಬೇಕು. ಅಷ್ಟರೊಳಗೆ ಪಟ್ಟಿ ಮುಗಿಸಬೇಕು. ವಿಲಿಯಮ್ಸ್ ಫೀಲ್ಡಿಂಗ್‌ನ ವಿಡಿಯೋ ತಮ್ಮನಿಗೆ ಕಳಿಸಿದ್ದೇನೆ. ಅಪ್ಪ, ನೀವೂ ನೋಡಿ. ಅವನ ಎಸೆತಕ್ಕೆ 20ರಿಂದ 80ರೊಳಗೆ ನೀವೊಂದು ಅಂಕ, ತಮ್ಮ ಒಂದು ಅಂಕ ಬೇರೆ ಬೇರೆ ಬರೆದು ಕಳಿಸಿ. ಒಬ್ಬರದ್ದು ಇನ್ನೊಬ್ಬರು ನೋಡಬೇಡಿ. ನನ್ನದನ್ನು ಆಮೇಲೆ ಹೇಳುತ್ತೇನೆ. ಅಮ್ಮ, ದೀಪಾವಳಿಗೆ ಮಾಡಿದ ಚಕ್ಕುಲಿ ಪಾರ್ಸೆಲ್ ಮಾಡುವಾಗ ಡಬ್ಬಿಯೊಳಗೆ ಪೇಪರ್ ತುಂಬು. ಇಲ್ಲದಿದ್ದರೆ ಪುಡಿಯಾಗುತ್ತೆ.

ಭಾನುವಾರ ಫೋನ್ ಮಾಡುತ್ತೇನೆ.

ನಿಮ್ಮ ಪ್ರೀತಿಯ
ಮಗಳು